ಹಳೇ ಪ್ಯೂಜೊ ಸೈಕಲ್ಲಿಗೆ 62,000 ಬಂದದ್ದು ಹೇಗೆ

"ಹದಿನೈದು ಸಾವಿರದ ಮೇಲೆ ಒಂದು ರೂಪಾಯಿ ಹುಟ್ಟಲ್ಲ, ಬಿಚ್ಚಿ ಬಿಡಿಬಿಡಿಯಾಗಿ ಮಾರು" ಅಂದಿದ್ದರು ನಮ್ಮ ಭಾನುವಾರದ ಸೈಕಲ್ ಗುಂಪಿನವರು. ಅದೇ ಪ್ಯೂಜೊ ಪಿಎಕ್ಸ್-10, ಫ್ರಾನ್ಸಿನ ರೇಸ್ ಸೈಕಲ್, ಕಳೆದ ತಿಂಗಳು ಇಡಿಯಾಗಿ 62,000ಕ್ಕೆ ಹೋಯಿತು. ಸ್ವಲ್ಪ ಜಂಬ ಕಂಡರೆ ಸಹಿಸಿಕೊಳ್ಳಿ.

1972ರ ಆಸುಪಾಸಿನ ಸೈಕಲ್. ಫ್ರಾನ್ಸಿನಲ್ಲಿ ಓದಿ ಬಂದ ಮೇಷ್ಟ್ರೊಬ್ಬರದು, ಮಲ್ಲೇಶ್ವರದ ಮನೆಯ ಅಟ್ಟದ ಮೇಲಿತ್ತು. ಮನೆ ಕೆಡವುವಾಗ ಗುಜರಿಗೆ ಹೋಗಲಿದ್ದದ್ದನ್ನು 11,000 ಕೊಟ್ಟು ತಂದೆ. ಬಿಳಿ ಬಣ್ಣ, ಪೈಪುಗಳನ್ನು ಕೂಡಿಸುವ ಕಪ್ಪು ಲಗ್, ರೆನಾಲ್ಡ್ಸ್ 531 ಅನ್ನುವ ಹೆಸರುವಾಸಿ ಉಕ್ಕಿನ ಪೈಪು, ಸ್ಟ್ರಾಂಗ್‌ಲೈಟ್ ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಮಫಾಕ್ ಬ್ರೇಕ್. ಗೇರ್ ಬದಲಿಸುವ ಸಿಂಪ್ಲೆಕ್ಸ್ ಡಿರೇಲರ್ ಪ್ಲಾಸ್ಟಿಕ್ಕಿನದು, ಸೀಳಿತ್ತು. ಸೀಳದೆ ಉಳಿದದ್ದನ್ನು ನೋಡಿದವರೇ ಕಡಿಮೆ.

ಫ್ರೆಂಚ್ ಸೈಕಲ್ ಬಿಚ್ಚಿದವರಿಗೆ ಗೊತ್ತು, ಅಂಗಡಿಯಲ್ಲಿ ಸಿಗುವ ಯಾವುದೂ ಕೂರಲ್ಲ. ಪೆಡಲಿನ ಅಚ್ಚು ತಿರುಗುವ ಬಾಟಮ್ ಬ್ರಾಕೆಟ್ಟಿನ ಎರಡೂ ಕಡೆ ಬಲಗೈ ಥ್ರೆಡ್. ಹ್ಯಾಂಡಲ್ ಹಿಡಿಯುವ ಸ್ಟೆಮ್ 22 ಮಿ.ಮೀ. ಕ್ರ್ಯಾಂಕ್ ಕಳಚುವ ಪುಲ್ಲರ್ ಅಂತೂ ಎಲ್ಲರ ಹತ್ತಿರ ಇರುವುದು 22ರದ್ದು, ಸ್ಟ್ರಾಂಗ್‌ಲೈಟ್ ಕೇಳುವುದು 23.35. ಸಡಿಲ ಕೂತ ಪುಲ್ಲರನ್ನೇ ತಿರುಗಿಸಿ ಎಳೆದರೆ ಕ್ರ್ಯಾಂಕಿನ ಥ್ರೆಡ್ ಎದ್ದು ಬರುತ್ತದೆ, ಅಲ್ಲಿಗೆ ಆರೇಳು ಸಾವಿರ ಹೋಯಿತು ಅಂತ ಲೆಕ್ಕ. ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಕೂತು 23.35ರ ಪುಲ್ಲರ್ ಮಾಡಿಸಿಕೊಂಡೆ. ಮೊದಲನೆಯದು ಒಂದು ಸುತ್ತಿಗೇ ಬಿಗಿಯಾಯಿತು. "ಸಾರ್, ಕೂದಲೆಳೆಯಷ್ಟು ಜಾಸ್ತಿ ಇದೆ" ಅಂತ ಆತ ಇನ್ನೊಂದು ಕಡೆದ. ಎರಡೂ ಸೇರಿ 900 ಚಿಲ್ಲರೆ.

ಡಿರೇಲರ್ ವಿಷಯದಲ್ಲಿ ಎಲ್ಲರೂ ಜಪಾನಿನ ಸನ್‌ಟೂರ್ ಹಾಕು ಅಂದರು. ಆದರೆ ಹಿಂದಿನ ಗಾಲಿ ಕೂರುವ ಸಿಂಪ್ಲೆಕ್ಸ್ ಡ್ರಾಪೌಟಿನಲ್ಲಿ ಡಿರೇಲರ್ ಹಾಕುವ ತೂತಿಗೆ ಥ್ರೆಡ್ಡೇ ಇರಲ್ಲ. ಟ್ಯಾಪ್ ಹೊಡೆದು ಥ್ರೆಡ್ ಕೊರೆದರೆ ಓಡುತ್ತದೆ ನಿಜ, ತಿಳಿದವನು ಆ ಗುರುತು ನೋಡಿದ ತಕ್ಷಣ ಐದು ಸಾವಿರ ಇಳಿಸುತ್ತಾನೆ. ಹೊರಗಿನಿಂದ ಇನ್ನೊಂದು ಸಿಂಪ್ಲೆಕ್ಸನ್ನೇ ತರಿಸಿದೆ, 4,000 ಹತ್ತಿರ. ಟೈರನ್ನು ಅಂಟಿಸಿ ಕೂರಿಸುವ ಒರಿಜಿನಲ್ ಟ್ಯೂಬುಲರ್ ಗಾಲಿಗಳನ್ನು ಎತ್ತಿಟ್ಟು, ಓಡಿಸಲು ಮಾಮೂಲಿ ಟೈರು-ಟ್ಯೂಬಿನ ಬೇರೆ 700ಸಿ ಕ್ಲಿಂಚರ್ ಜೋಡಿ ಕಟ್ಟಿದೆ. 120 ಮಿ.ಮೀ. ಹಿಂದಿನ ಹಬ್ ಎಲ್ಲಿ ಸಿಕ್ಕಿತು ಅಂತ ಮಾತ್ರ ಕೇಳಬೇಡಿ, ಅಲ್ಲಿ ಇನ್ನೂ ಎರಡಿವೆ. ಕೊಂಡ ಬೆಲೆ ಬಿಟ್ಟು ಒಟ್ಟು ಖರ್ಚು ಹದಿನೇಳು ಸಾವಿರದ ಒಳಗೆ.

ಪೇಂಟ್ ಮುಟ್ಟಲಿಲ್ಲ. ಗೆಳೆಯನೊಬ್ಬ ತನ್ನ ರ‍್ಯಾಲಿ ಸೈಕಲ್ಲಿಗೆ ಪೌಡರ್ ಕೋಟಿಂಗ್ ಮಾಡಿಸಿದ. ಹೊಳಪೇನೋ ಬಂತು, 531 ಸ್ಟಿಕ್ಕರ್ ಹೋಯಿತು. ಆಮೇಲೆ ಒಳಗಿರುವುದು ರೆನಾಲ್ಡ್ಸ್ ಅಂತ ಆಣೆ ಮಾಡಿದರೂ ಯಾರು ನಂಬುತ್ತಾರೆ? ಒಂಬತ್ತು ಸಾವಿರಕ್ಕೆ ಕೊಟ್ಟ.

ಫೋರ್ಕಿನ ತುದಿಯ ಕ್ರೋಮಿಗೆ ತುಕ್ಕು ಹತ್ತಿತ್ತು. ಅಜ್ಜಿ ಹಿತ್ತಾಳೆ ಬೆಳಗುತ್ತಿದ್ದ ನೆನಪಲ್ಲಿ ರಾತ್ರಿಯಿಡೀ ಹುಣಸೆಹಣ್ಣು ಮೆತ್ತಿಟ್ಟೆ. ಬೆಳಗ್ಗೆ ಇರುವೆ ಸಾಲು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ನಿಂಬೆ ಉಪ್ಪು ಪರವಾಗಿಲ್ಲ. ಕೊನೆಗೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ ನೀರು ಹಚ್ಚಿ ಉಜ್ಜಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗೀತು.

ಇನ್ನು ಬೆಲೆ. ಇಂಟರ್ನೆಟ್ಟಿನಲ್ಲಿ ಕೇಳುವ ಬೆಲೆ ಆಸೆಯಷ್ಟೇ, ಮಾರಿ ಮುಗಿದ ಬೆಲೆಯನ್ನೇ ನೋಡಬೇಕು. ಬಿಡಿಭಾಗಗಳ ಲೆಕ್ಕ ಹಾಕಿದರೆ ನಲವತ್ತು ಸಾವಿರದ ಆಚೀಚೆ ಬಂತು, ಅದು ನನ್ನ ತಳ. ಇಂಥದ್ದೇ ಸೈಕಲ್ಲನ್ನು ಯೂರೋಪಿನಲ್ಲಿ ಕೊಂಡು, ಪ್ಯಾಕ್ ಮಾಡಿಸಿ, ವಿಮಾನದ ಬಾಡಿಗೆ, ಸುಂಕ ಕಟ್ಟಿ ಬೆಂಗಳೂರಿಗೆ ಇಳಿಸಿದರೆ ಎಂಬತ್ತು ದಾಟುತ್ತದೆ, ಅದು ಮೇಲಿನ ಗೆರೆ. ನಡುವೆ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಫ್ರೇಮಿನ ಅಳತೆ ಹೇಳುತ್ತದೆ. ನನ್ನದು 58 ಸೆಂ.ಮೀ. ನಮ್ಮ ಕಡೆಯವರ ಎತ್ತರಕ್ಕೆ ಹೊಂದುವ 54 ಆಗಿದ್ದರೆ ಇನ್ನೂ ಎಂಟು ಸಾವಿರ ಜಾಸ್ತಿ ಕೇಳುತ್ತಿದ್ದೆ.

ಮೊದಲು 75,000 ಅಂತ ಹಾಕಿದಾಗ ಎರಡು ತಿಂಗಳು "ಲಾಸ್ಟ್ ಎಷ್ಟು ಬ್ರೋ" ಬಿಟ್ಟು ಬೇರೆ ಮಾತಿಲ್ಲ. 55,000ಕ್ಕೆ ಇಳಿಸಿದರೆ ಇನ್ನೂ ಕೆಟ್ಟಿತು, ಇಳಿಸಿದವನು ಇನ್ನೂ ಇಳಿಸುತ್ತಾನೆ ಅಂತ 20,000ಕ್ಕೇ ಕೇಳತೊಡಗಿದರು. ಜಮಖಂಡಿ ಕಡೆಯ ಒಬ್ಬ ಹುಡುಗ ಮಾತ್ರ ಬೆಲೆ ಕೇಳುವ ಮೊದಲೇ "ಅಣ್ಣಾರ, ಫ್ರೇಮ್ ಎಷ್ಟ್ ಸೆಂಟಿಮೀಟರ್ ಐತ್ರಿ?" ಅಂದ. 58 ಅಂದೆ. "ನನಗ ದೊಡ್ಡದಾತ್ರಿ" ಅಂತ ಫೋನಿಟ್ಟ. ವಿಜಯಪುರ, ಬಾಗಲಕೋಟೆ ಕಡೆ ರೇಸ್ ಓಡಿಸುವವರಿಗೆ ಸೈಕಲ್ ಗೊತ್ತು ಅನ್ನುವುದು ಇದಕ್ಕೇ.

ಜಾಹೀರಾತು ತೆಗೆದುಹಾಕಿ ತಿಂಗಳು ಬಿಟ್ಟು ಹೊಸದಾಗಿ ಬರೆದೆ. ಮೊದಲ ಸಾಲಲ್ಲೇ ಅಳತೆ. ಆಮೇಲೆ ದೋಷಗಳು: ಮೇಲಿನ ಪೈಪಿನ ತಗ್ಗು, ಸೀಳಿ ಬದಲಾಯಿಸಿದ ಸಿಂಪ್ಲೆಕ್ಸ್, ಕೆರೆದ ಬಣ್ಣ, ಪ್ರತಿಯೊಂದಕ್ಕೂ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ. ಮೇಲಿನ ಬೆಲೆಯ ಲೆಕ್ಕವನ್ನೂ ಬಿಡಿಸಿ ಬರೆದು 62,000 ಅಂದೆ. ದೋಷ ಮೊದಲು ಹೇಳಿದರೆ ಯಾರು ಬರುತ್ತಾರೆ ಅಂತ ಗುಂಪಿನಲ್ಲಿ ನಕ್ಕರು. ಬಂದವರೇನೋ ನಾಲ್ಕೈದು ಜನ, ಆದರೆ ಎಲ್ಲರೂ ಓದಿಕೊಂಡು ಬಂದವರು. ಫೋನಿನಲ್ಲೇ ಜನ ಸೋಸಲು ಎರಡು ಪ್ರಶ್ನೆ ಕೇಳುತ್ತೇನೆ, ಅವನ್ನು ಇಲ್ಲಿ ಬರೆದರೆ ನಾಳೆ ಎಲ್ಲರೂ ಉತ್ತರ ಕಲಿತು ಬರುತ್ತಾರೆ.

ಕೊಂಡವರು ಮೈಸೂರಿನ ಡಾಕ್ಟರು, ಆರಡಿಗೆ ಒಂದಿಂಚು ಕಡಿಮೆ. ಎಲ್ಲ ನೋಡಿ "ಐದು ಸಾವಿರ ಬಿಡಿ" ಅಂದರು. ಬೆಲೆ ಬಿಡಲಿಲ್ಲ, ಅಲ್ಲಿಯವರೆಗೆ ಬಾಯಿಬಿಡದೆ ಒಳಗಿಟ್ಟಿದ್ದ ಟ್ಯೂಬುಲರ್ ಗಾಲಿಗಳನ್ನು ತಂದು ಮುಂದಿಟ್ಟೆ. ಚೌಕಾಶಿ ಅಲ್ಲಿಗೇ ನಿಂತಿತು. ಸೀಳಿದ ಡಿರೇಲರನ್ನೂ ಕವರಿನಲ್ಲಿ ಹಾಕಿ ಕೊಟ್ಟೆ.

ಕೈಯಲ್ಲಿ ಉಳಿದದ್ದು 34,000 ಚಿಲ್ಲರೆ, ನನ್ನ ಕೂಲಿ ಸೇರಿಸದೆ. 23.35ರ ಪುಲ್ಲರ್ ಬೇಕಾದವರಿಗೆ ದಿನಕ್ಕೆ 200ರಂತೆ ಬಾಡಿಗೆಗೆ ಕೊಡುತ್ತೇನೆ, ಅಡ್ವಾನ್ಸ್ ಇಟ್ಟು ಒಯ್ಯಿರಿ.