ತಂತಿ ಮೇಲಿನ ನೀಲಕಂಠ ಮತ್ತು ನನ್ನ ಭಾನುವಾರದ ಪಟ್ಟಿ

ನಾನು ಗದಗ ಜಿಲ್ಲೆಯಲ್ಲಿ ಲೈನ್‌ಮನ್. ಕಂಬ ಹತ್ತೋದು, ಜಂಪರ್ ಕಟ್ಟೋದು, ಫ್ಯೂಸ್ ಹಾಕೋದು, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಾಗ ರೈತರಿಗೆ ಉತ್ತರ ಹೇಳೋದು. ಹದಿನೆಂಟು ವರ್ಷದಿಂದ ತಲೆ ಎತ್ತಿ ತಂತಿ ನೋಡುತ್ತಲೇ ಬಂದಿದ್ದೇನೆ. ಹಾಗಾಗಿ ತಂತಿ ಮೇಲೆ ಕೂರುವ ಹಕ್ಕಿಗಳೆಲ್ಲ ನನಗೆ ಮುಖಪರಿಚಯ. ಬಾಲ ಕವಲೊಡೆದ ಕರಿ ಹಕ್ಕಿ, ಗಿಳಿ ಬಣ್ಣದ ಪುಟ್ಟ ಹಕ್ಕಿ, ಜೋಡಿಯಾಗಿ ಕೂರುವ ಬೆಳವ, ಮತ್ತೆ ದಸರಾ ಹೊತ್ತಿಗೆ ಬಂದು ಕೂರುವ ನೀಲಕಂಠ. ಮೊದಲಿನ ಎರಡಕ್ಕೆ ಕಾಜಾಣ, ಕಳ್ಳಿಪೀರ ಅನ್ನುತ್ತಾರೆ ಅಂತ ಗೊತ್ತಾಗಿದ್ದು ಮಾತ್ರ 2018ರಲ್ಲಿ.

ಆ ವರ್ಷ ಫೆಬ್ರವರಿಯಲ್ಲಿ ಅಕ್ಕನ ಮಗ ಧಾರವಾಡದಿಂದ ಊರಿಗೆ ಬಂದಿದ್ದ. ಕೊರಳಲ್ಲಿ ದುರ್ಬೀನು. "ಮಾಮಾ, ಒಂದ್ ಹದಿನೈದು ನಿಮಿಷ ನನ್ನ ಜೋಡಿ ಹಿತ್ತಲದಾಗ ನಿಂದ್ರು" ಅಂದ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನ ಎಲ್ಲ ಕಡೆ ಜನ ತಮ್ಮ ಮನೆ ಸುತ್ತಲಿನ ಹಕ್ಕಿ ಎಣಿಸಿ ಕಳಿಸುತ್ತಾರೆ, ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅಂತ ಅದಕ್ಕೆ ಹೆಸರು, ನಮ್ಮ ದೇಶದವರು 2013ರಿಂದ ಅದರಲ್ಲಿ ಸೇರಿದ್ದಾರೆ. ಅವನು ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದ. ಮೊದಲು ಬರೆದಿದ್ದೇ ಕಾಗೆ, ನಾಲ್ಕು. ನನಗೆ ಆಶ್ಚರ್ಯ. "ಕಾಗಿ ಯಾಕ ಬರೀತೀಯೋ, ಅದೇನ್ ಹೊಸಾದೇನು?" ಅಂತ ಕೇಳಿದೆ. "ಕಂಡದ್ದೆಲ್ಲಾ ಬರೀಬೇಕು ಮಾಮಾ, ಇಲ್ಲಾಂದ್ರ ಲೆಕ್ಕ ಕೆಡತೈತಿ" ಅಂದ.

ಆ ಮಾತು ನನಗೆ ಪೂರ್ತಿ ಅರ್ಥ ಆಗಲು ಎರಡು ವರ್ಷ ಬೇಕಾಯಿತು. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ, ಯಾಕಂದ್ರೆ ಹೊಸದಾಗಿ ಶುರು ಮಾಡುವವರು ಜಾಸ್ತಿ ಎಡವುವುದು ಇಲ್ಲೇ.

ಅವನು ಹೋಗುವಾಗ ನನ್ನ ಫೋನಿಗೂ ಕಂಡ ಹಕ್ಕಿಗಳ ಪಟ್ಟಿ ಬರೆದು ಕಳಿಸುವ ಇ-ಬರ್ಡ್ ಆಪ್ ಹಾಕಿಕೊಟ್ಟ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದವರು ಇನ್ನೊಂದು ಸಂಸ್ಥೆಯ ಜೊತೆ ಸೇರಿ 2002ರಲ್ಲಿ ಶುರು ಮಾಡಿದ್ದು ಅದು. ನಮ್ಮಲ್ಲಿ ಬರ್ಡ್ ಕೌಂಟ್ ಇಂಡಿಯಾ ಅನ್ನುವ ಗುಂಪು ಅದನ್ನು ನೋಡಿಕೊಳ್ಳುತ್ತದೆ. ದುಡ್ಡು ಕೊಡಬೇಕಿಲ್ಲ. ಹೊಲದಲ್ಲಿ ನೆಟ್‌ವರ್ಕ್ ಸಿಗದಿದ್ದರೂ ಬರೆದುಕೊಳ್ಳುತ್ತದೆ, ಊರಿಗೆ ಬಂದ ಮೇಲೆ ಕಳಿಸಬಹುದು. ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ ಅಂತ ಆಪ್ ತಾನೇ ಅಳೆದುಕೊಳ್ಳುತ್ತದೆ.

ಶುರುವಿನಲ್ಲಿ ನಾನು ಮಾಡಿದ್ದು ಹೀಗೆ. ಚೆಂದದ ಹಕ್ಕಿ ಕಂಡ ದಿನ ಮಾತ್ರ ಪಟ್ಟಿ ಕಳಿಸುತ್ತಿದ್ದೆ. ಕಾಗೆ, ಗೊರವಂಕ, ಬೆಳವ ಇವನ್ನೆಲ್ಲ ಸುಮ್ನೆ ಬಿಡುತ್ತಿದ್ದೆ. ಒಂದಿನ ಬೈಕಿನಲ್ಲಿ ಗದಗದಿಂದ ಲಕ್ಷ್ಮೇಶ್ವರ ತನಕ ಹೋಗಿ ಬಂದು ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಒಂದೇ ಪಟ್ಟಿಯಲ್ಲಿ ತುಂಬಿದ್ದೆ. ಕೆರೆಯಲ್ಲಿ ನೋಡಿದ ಬಾತುಗಳನ್ನು ರಾತ್ರಿ ಮನೆಯಲ್ಲಿ ಕೂತು ಬರೆದು, ಜಾಗ ಬದಲಿಸಲು ಮರೆತು, ನಮ್ಮ ಓಣಿಯಲ್ಲೇ ನೂರಾರು ಬಾತು ಇಳಿದಂತೆ ಕಳಿಸಿದ್ದೂ ಇದೆ. ಇವೆಲ್ಲ ತಪ್ಪು ಅಂತ ತಿಳಿದ ಮೇಲೆ ಒಂದೊಂದಾಗಿ ತೆಗೆದು ಸರಿ ಮಾಡಿದೆ.

ಪಟ್ಟಿ ಕಳಿಸುವ ಮುಂಚೆ ಆಪ್ ಒಂದು ಪ್ರಶ್ನೆ ಕೇಳುತ್ತದೆ. ನಿಮಗೆ ಗುರುತು ಸಿಕ್ಕ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಅಂತ. ಹೌದು ಅಥವಾ ಇಲ್ಲ ಒತ್ತಬೇಕು. ಇಡೀ ಕೆಲಸದ ಗುಟ್ಟು ಆ ಒಂದು ಪ್ರಶ್ನೆಯಲ್ಲಿದೆ. ಹೌದು ಅಂದರೆ, ನಾನು ಬರೆಯದ ಹಕ್ಕಿ ಆ ಹೊತ್ತು ಅಲ್ಲಿ ನನಗೆ ಕಾಣಲಿಲ್ಲ ಅಂತ ಅರ್ಥ. ಕಾಣಲಿಲ್ಲ ಅನ್ನೋದೂ ಒಂದು ಮಾಹಿತಿ. ಉದಾಹರಣೆಗೆ ಒಂದು ಜಾಗದಿಂದ ಇಪ್ಪತ್ತು ಪೂರ್ತಿ ಪಟ್ಟಿ ಬಂದಿವೆ, ಹದಿನಾಲ್ಕರಲ್ಲಿ ನೀಲಕಂಠ ಇದೆ ಅಂದುಕೊಳ್ಳಿ. ಶೇ. 70. ಹತ್ತು ವರ್ಷ ಬಿಟ್ಟು ಅದೇ ಜಾಗದ ಇಪ್ಪತ್ತು ಪಟ್ಟಿಯಲ್ಲಿ ಎಂಟರಲ್ಲಿ ಮಾತ್ರ ಇದ್ದರೆ ಶೇ. 40. ಏನೋ ಆಗಿದೆ ಅಂತ ಗೊತ್ತಾಗುವುದು ಹೀಗೆ. ನಾನು ನೀಲಕಂಠ ಕಂಡ ದಿನ ಮಾತ್ರ ಪಟ್ಟಿ ಕಳಿಸಿದರೆ? ಎರಡೂ ಸಲ ನೂರಕ್ಕೆ ನೂರು ಬರುತ್ತದೆ, ಹಕ್ಕಿ ಖಾಲಿಯಾಗುತ್ತಿದ್ದರೂ ಯಾರಿಗೂ ತಿಳಿಯಲ್ಲ. ಅಕ್ಕನ ಮಗ ಲೆಕ್ಕ ಕೆಡತೈತಿ ಅಂದಿದ್ದು ಇದಕ್ಕೇ.

ಅಂದಿನಿಂದ ನನ್ನ ಪದ್ಧತಿ ಬದಲಾಯಿತು. ಶಿರಹಟ್ಟಿ ಕಡೆ ಹೋಗುವ ಒಂದು ಒಳದಾರಿ ಆರಿಸಿಕೊಂಡೆ. ಎರಡೂ ಕಡೆ ಎರೆ ಹೊಲ, ಪಕ್ಕದಲ್ಲೇ 11 ಕೆವಿ ಲೈನ್. ಒಂದು ಕಂಬದಿಂದ ಇನ್ನೊಂದಕ್ಕೆ ಸುಮಾರು 50-60 ಮೀಟರ್ ಬರುತ್ತದೆ, ನಲವತ್ತು ಕಂಬ ಅಂದರೆ ಎರಡು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಭಾನುವಾರ ಬೆಳಿಗ್ಗೆ ಏಳರೊಳಗೆ ಶುರು, ನಡಿಗೆಯಲ್ಲೇ, ಒಂದು ತಾಸು. ಹೋಗುವಾಗ ಮಾತ್ರ ಎಣಿಸುತ್ತೇನೆ, ಬರುವಾಗ ಅದೇ ಹಕ್ಕಿ ಮತ್ತೆ ಎಣಿಕೆಗೆ ಸೇರಬಾರದು ಅಂತ. ಕೆಲಸದ ಹೊತ್ತಿನಲ್ಲಿ ಈ ಕಡೆ ಗಮನ ಕೊಡುವುದೇ ಇಲ್ಲ, ಕಂಬದ ಮೇಲೆ ಇದ್ದಾಗ ಕಣ್ಣು ಕೈಯ ಮೇಲೇ ಇರಬೇಕು.

ನೀಲಕಂಠವನ್ನು ಹತ್ತಿರದಿಂದ ನೋಡಿದ್ದೀರಾ? ಕೂತಾಗ ಪಾರಿವಾಳದಷ್ಟು ಗಾತ್ರ, ಕಂದು ಎದೆ, ತಲೆ ದೊಡ್ಡದು, ಒಂಚೂರು ಮಂಕು ಅನಿಸುತ್ತದೆ. ಅಲುಗಾಡದೆ ನೆಲವನ್ನೇ ನೋಡುತ್ತಾ ಕೂರುತ್ತದೆ. ಸಾಲಿನ ನಡುವೆ ಮಿಡತೆ ಮಿಸುಕಿತೋ, ಥಟ್ಟನೆ ರೆಕ್ಕೆ ಬಿಚ್ಚಿ ಇಳಿಯುತ್ತದೆ. ಆಗ ಕಾಣುವ ಆ ನೀಲಿ ಇದೆಯಲ್ಲ, ತಿಳಿನೀಲಿ ಒಂದು ಪಟ್ಟೆ, ಗಾಢ ನೀಲಿ ಒಂದು ಪಟ್ಟೆ, ಎಷ್ಟು ಸಲ ನೋಡಿದರೂ ನನಗೆ ಉಸಿರು ನಿಂತಂತೆ ಆಗುತ್ತದೆ. ಮಿಡತೆ ಹಿಡಿದು ಮತ್ತೆ ಅದೇ ತಂತಿಗೆ ಬಂದು, ಅದನ್ನು ತಂತಿಗೆ ಎರಡು ಸಲ ಬಡಿದು ನುಂಗುತ್ತದೆ. ವಿಜಯದಶಮಿ ದಿನ ಇದನ್ನು ಕಂಡರೆ ಒಳ್ಳೇದು ಅಂತ ನಮ್ಮಜ್ಜಿ ಬನ್ನಿ ತರಲು ಹೋಗುವಾಗ ತಂತಿ ಕಡೆ ನೋಡಿಕೊಂಡೇ ಹೋಗುತ್ತಿದ್ದಳು. ಇದು ನಮ್ಮ ಕರ್ನಾಟಕದ ರಾಜ್ಯಪಕ್ಷಿ ಕೂಡ.

2023ರ ಆಗಸ್ಟ್‌ನಲ್ಲಿ ದೇಶದ ಹಕ್ಕಿಗಳ ಸ್ಥಿತಿ ಬಗ್ಗೆ ಒಂದು ವರದಿ ಬಂತು, ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್. ಹದಿಮೂರು ಸಂಸ್ಥೆಗಳು ಸೇರಿ ಮಾಡಿದ್ದು. ಆದರೆ ಅದರೊಳಗಿನ ಮಾಹಿತಿ ಬಂದಿದ್ದು ಸುಮಾರು 30 ಸಾವಿರ ಹಕ್ಕಿ ನೋಡುವವರಿಂದ, ಒಟ್ಟು 3 ಕೋಟಿಗೂ ಜಾಸ್ತಿ ದಾಖಲೆಗಳು, 942 ಜಾತಿಯ ಹಕ್ಕಿಗಳು. ಬಹಳ ವರ್ಷಗಳ ಏರಿಳಿತ ಹೇಳುವಷ್ಟು ಮಾಹಿತಿ ಸಿಕ್ಕಿದ್ದು 338 ಜಾತಿಗಳಿಗೆ, ಅದರಲ್ಲಿ 204 ಇಳಿದಿವೆ. ನವಿಲು ಏರಿದೆ, ಅದು ನಮ್ಮ ಕಡೆ ಹೊಲ ಇರುವ ಯಾರನ್ನು ಕೇಳಿದರೂ ಹೇಳುತ್ತಾರೆ. ಇಳಿದವುಗಳ ಸಾಲಿನಲ್ಲಿ ನೀಲಕಂಠ ಇತ್ತು. ಅದರ ಸ್ಥಿತಿಯನ್ನು ಜಾಗತಿಕ ಮಟ್ಟದಲ್ಲಿ ಮತ್ತೊಮ್ಮೆ ಪರಿಶೀಲಿಸಬೇಕು ಅಂತ ವರದಿ ಹೆಸರಿಸಿದ 14 ಜಾತಿಗಳಲ್ಲಿ ಅದೂ ಒಂದು.

ಅದನ್ನು ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಹುಲಿ ಕಡಿಮೆಯಾದರೆ ಎಣಿಸಲು ಜನ ಇದ್ದಾರೆ. ತಂತಿ ಮೇಲೆ ದಿನಾ ಕಾಣುವ ಹಕ್ಕಿಯನ್ನು ಯಾರು ಎಣಿಸುತ್ತಾರೆ? ಇದೆಯಲ್ಲ ಬಿಡು ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ಕಾಗೆ, ಬೆಳವ, ನೀಲಕಂಠ ಅಂತ ಬೇಸರಿಸದೆ ಬರೆದವರ ಪಟ್ಟಿಗಳು ಇಲ್ಲದಿದ್ದರೆ ಈ ಇಳಿತ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹಳೇ ಕಾಲದವರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದನ್ನು ಆಮೇಲೆ ಕೂತು ಇ-ಬರ್ಡ್‌ಗೆ ಹಾಕಿದ್ದಾರೆ, ಅದರಿಂದಲೇ 2000ಕ್ಕಿಂತ ಮುಂಚೆ ಹೇಗಿತ್ತು ಅಂತ ಹೋಲಿಸಲು ಆಗಿದ್ದು. ನಿಮ್ಮ ಮನೆಯಲ್ಲಿ ಅಂಥ ಹಳೇ ಡೈರಿ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.

ನನ್ನ ಒಂದು ದಾರಿಯಿಂದ ಏನೂ ಸಾಬೀತಾಗಲ್ಲ, ಅದು ನನಗೆ ಗೊತ್ತು. ಒಂದು ಚಳಿಗಾಲ ಜಾಸ್ತಿ ಕಾಣಬಹುದು, ಇನ್ನೊಂದು ಸಲ ಕಡಿಮೆ. ಮಳೆ ಹೇಗಾಯಿತು, ಹೊಲದಲ್ಲಿ ಏನು ಬಿತ್ತಿದ್ದಾರೆ ಅನ್ನೋದರ ಮೇಲೂ ಹೋಗುತ್ತದೆ. ಸಾವಿರಾರು ದಾರಿಗಳು ಸೇರಿದಾಗ ಮಾತ್ರ ಅದಕ್ಕೊಂದು ಅರ್ಥ. ಗದಗ, ಕೊಪ್ಪಳ, ಯಾದಗಿರಿ ಕಡೆಯಿಂದ ಬೆಂಗಳೂರು, ಮೈಸೂರಿನಷ್ಟು ಪಟ್ಟಿ ಬರಲ್ಲ. ನಮ್ಮಂಥ ಬಯಲು ಸೀಮೆಯ ಒಂದು ಪಟ್ಟಿಗೆ ಬೆಲೆ ಜಾಸ್ತಿ ಅಂತ ನಾನು ನಂಬಿರುವುದು ಇದಕ್ಕೇ.

ಇನ್ನೊಂದು ವಿಷಯ. ಒಮ್ಮೆ ಕಡಲೆ ಹೊಲದ ಮೇಲೆ ತೀರ ಕೆಳಗೆ ತೇಲುತ್ತಾ ಹೋದ ಕಂದು ಬಣ್ಣದ ಸೆಳೆವವನ್ನು (ಹ್ಯಾರಿಯರ್ ಅನ್ನುವ ಬೇಟೆ ಹಕ್ಕಿ) ಪುಸ್ತಕ ನೋಡಿ ಇಂಥದ್ದೇ ಜಾತಿ ಅಂತ ಬರೆದಿದ್ದೆ. ನಾಲ್ಕು ದಿನಕ್ಕೆ ಮೇಲ್ ಬಂತು. ಫೋಟೋ ಇದೆಯಾ, ಕತ್ತಿನ ಹತ್ತಿರ ಬಿಳಿ ಪಟ್ಟಿ ಇತ್ತಾ, ರೆಕ್ಕೆ ಕೆಳಭಾಗ ಹೇಗಿತ್ತು ಅಂತ. ಮೊದಲು ಬೇಜಾರಾಯಿತು, ನಾನು ಸುಳ್ಳು ಹೇಳುತ್ತೇನಾ ಅಂತ. ಕೇಳಿದವರೂ ನಮ್ಮ ಹಾಗೇ ಸಂಬಳ ಇಲ್ಲದೆ ಪಟ್ಟಿ ಪರಿಶೀಲಿಸುವ ಸ್ವಯಂಸೇವಕರು. ಅವರು ಸಮಾಧಾನವಾಗಿ ತಿಳಿಸಿದರು: ಪ್ಯಾಲಿಡ್ ಮತ್ತು ಮಾಂಟೆಗ್ಯೂ ಅನ್ನುವ ಎರಡು ಸೆಳೆವಗಳ ಹೆಣ್ಣು, ಮರಿಗಳನ್ನು ದೂರದಿಂದ ಬೇರೆ ಮಾಡುವುದು ಬಲು ಕಷ್ಟ, ಖಾತ್ರಿ ಇಲ್ಲದಾಗ ಎರಡರಲ್ಲಿ ಒಂದು ಅಂತ ಬರೆಯಲು ಪಟ್ಟಿಯಲ್ಲೇ ಅವಕಾಶ ಇದೆ. ಹಾಗೇ ಬದಲಿಸಿದೆ. ಈಗ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆಯುತ್ತೇನೆ.

ಮಾಗಡಿ ಕೆರೆ ಬಗ್ಗೆ ಹೇಳದೆ ಇರಲು ಆಗಲ್ಲ. ಶಿರಹಟ್ಟಿ ತಾಲ್ಲೂಕಿನದು, ರಾಮನಗರ ಕಡೆಯ ಮಾಗಡಿ ಅಲ್ಲ. 134 ಎಕರೆ ಕೆರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಸಾವಿರಗಟ್ಟಲೆ ಬರುತ್ತವೆ. ಪ್ರತಿ ಜನವರಿ ಏಷ್ಯಾದ ಎಲ್ಲ ಕಡೆ ಕೆರೆ ಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದ ಇದೆ. ನಾನು ಮೊದಲ ಸಲ ಅಲ್ಲಿ ಎಣಿಸಲು ಹೋದಾಗ ಕೈಕಾಲು ಆಡಲಿಲ್ಲ. ಹೊಲದಲ್ಲಿ ಮೇಯ್ದು ಬೆಳಿಗ್ಗೆ ಕೆರೆಗೆ ವಾಪಸ್ ಬರುವ ಹೊತ್ತು. ಮೊದಲು ಸದ್ದು ಕೇಳುತ್ತದೆ, ಆಂಗ್ ಆಂಗ್ ಅಂತ, ಆಮೇಲೆ ಸಾಲು ಕಾಣುತ್ತದೆ, ಆ ಸಾಲಿನ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಎಣಿಸುವುದು ಹೇಗೆ?

ಜೊತೆಗಿದ್ದ ಹಿರಿಯರು ಕಲಿಸಿದರು. ಮೊದಲು ಹತ್ತು ಹಕ್ಕಿ ಒಂದೊಂದಾಗಿ ಎಣಿಸು. ಆ ಹತ್ತು ಎಷ್ಟು ಜಾಗ ಹಿಡಿಯುತ್ತವೆ ಅಂತ ಕಣ್ಣಲ್ಲಿ ಇಟ್ಟುಕೋ. ಅಂಥ ಹತ್ತು ತುಂಡು ಸೇರಿದರೆ ನೂರು. ಆಮೇಲೆ ನೂರರ ತುಂಡುಗಳಲ್ಲಿ ಕೆರೆ ಅಳೆದುಕೊಂಡು ಹೋಗು. ಮೂವರು ಬೇರೆ ಬೇರೆ ನಿಂತು ಎಣಿಸಿ, ಮುಗಿಯುವ ತನಕ ಒಬ್ಬರಿಗೊಬ್ಬರು ಹೇಳದೆ, ಕೊನೆಗೆ ಹೋಲಿಸಿದೆವು. ಮೂರು ಲೆಕ್ಕ ಮೂರು ತರ ಬಂದವು. ವ್ಯತ್ಯಾಸ ಜಾಸ್ತಿ ಅನಿಸಿದ್ದರಿಂದ ಮತ್ತೊಮ್ಮೆ ಎಣಿಸಿದೆವು. ಸರಸರ ಮುಗಿಸುವ ಕೆಲಸ ಅಲ್ಲ ಅದು.

ಎಣಿಸುವಾಗ ಒಬ್ಬ ಕಾಕಾ ಬದುವಿನ ಮೇಲೆ ಬಂದು ನಿಂತರು. "ಹಕ್ಕಿ ಎಣಸಾಕತ್ತೀರಿ, ಅವು ತಿಂದ ನನ್ನ ಕಡಲಿ ಯಾರ್ ಎಣಸ್ತಾರ್ರಿ?" ಅಂದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅವರ ನಷ್ಟ ನಿಜ. ಅವರ ಹೊಲಕ್ಕೆ ಹೋಗಿ ನೋಡಿದೆ, ಹಿಕ್ಕೆ ಬಿದ್ದಿತ್ತು, ಸಾಲು ಸಾಲು ಬೋಳಾಗಿತ್ತು. ಈಗ ಗಣತಿಗೆ ಹೋದಾಗ ಅವರನ್ನು ಮಾತಾಡಿಸದೆ ಬರಲ್ಲ. ಹೆಬ್ಬಾತು ಯಾವ ಕಡೆ ಮೇಯಲು ಹೋಗುತ್ತವೆ, ಯಾವ ವಾರ ಬಂದವು, ಯಾವಾಗ ಹೊರಟವು, ಇದು ಅವರಿಗೆ ಗೊತ್ತಿರುವಷ್ಟು ನಮಗೆ ಯಾರಿಗೂ ಗೊತ್ತಿಲ್ಲ.

2024ರಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆ. ನಮ್ಮ ಎಣಿಕೆಯಿಂದಲೇ ಆಯಿತು ಅಂತ ನಾನು ಹೇಳಲ್ಲ. ಆದರೆ ಆ ಪಟ್ಟಿಗೆ ಸೇರಿಸುವ ಮಾನದಂಡಗಳಲ್ಲಿ ಎರಡು ನೇರವಾಗಿ ಎಣಿಕೆಯವೇ: ಕೆರೆಯಲ್ಲಿ ನೀರಹಕ್ಕಿಗಳು 20 ಸಾವಿರಕ್ಕೆ ಕಡಿಮೆ ಇಲ್ಲದಂತೆ ಇರುವುದು, ಅಥವಾ ಒಂದು ಜಾತಿಯ ಒಟ್ಟು ಸಂಖ್ಯೆಯಲ್ಲಿ ಶೇ. 1ರಷ್ಟಾದರೂ ಅಲ್ಲಿರುವುದು. ಅದೂ ಒಂದು ವರ್ಷ ಇದ್ದರೆ ಸಾಲದು. ವರ್ಷ ವರ್ಷ ಚಳಿಯಲ್ಲಿ ನಿಂತು ಯಾರೋ ಎಣಿಸಿ ಬರೆದಿಡದೆ ಇದನ್ನು ಹೇಳುವುದು ಹೇಗೆ?

ನನ್ನ ಕೆಲಸದಲ್ಲೂ ಒಂದು ಬದಲಾವಣೆ ಆಗಿದೆ. ಮುಂಗಾರಿಗೆ ಮುಂಚೆ, ಏಪ್ರಿಲ್-ಮೇ ತಿಂಗಳಲ್ಲಿ, ತಂತಿಗೆ ತಾಗುವ ಟೊಂಗೆ ಕಡಿಯುತ್ತೇವೆ. ನೀಲಕಂಠ ಗೂಡು ಮಾಡುವುದೂ ಅದೇ ಹೊತ್ತಿಗೆ, ಹಳೇ ಮರದ ಪೊಟರೆಯಲ್ಲಿ. ಮೊದಲು ಇದು ಗೊತ್ತಿರಲಿಲ್ಲ, ಪೊಟರೆ ಇದ್ದ ಒಣ ಟೊಂಗೆಗಳನ್ನೇ ಮೊದಲು ಉರುಳಿಸುತ್ತಿದ್ದೆವು. ಈಗ ಕತ್ತಿ ಇಡುವ ಮುಂಚೆ ಹತ್ತು ನಿಮಿಷ ದೂರ ನಿಂತು ನೋಡುತ್ತೇನೆ. ಹಕ್ಕಿ ಒಳಗೆ ಹೊರಗೆ ಆಡುತ್ತಿದ್ದರೆ ತಂತಿಗೆ ತಾಗುವಷ್ಟು ಮಾತ್ರ ತೆಗೆದು ಪೊಟರೆ ಇರುವ ಭಾಗ ಬಿಡುತ್ತೇವೆ. ತಂಡದ ಹುಡುಗರು ಈಗ ಅವರೇ ಹೇಳುತ್ತಾರೆ, "ಅಣ್ಣಾ, ಇದರಾಗ ತೂತು ಐತಿ, ತಡೀ" ಅಂತ.

ನನ್ನ ದಾರಿಯ ಇಪ್ಪತ್ತಮೂರನೇ ಕಂಬದ ಹತ್ತಿರ ಅಂಥ ಒಂದು ಬೇವಿನ ಮರ ಉಳಿದಿದೆ. ಹೋದ ಮಾರ್ಚ್‌ನಲ್ಲಿ ಒಂದು ಜೋಡಿ ಅದರ ಮೇಲೆ ಕರ್ಕಶವಾಗಿ ಕೂಗುತ್ತಾ ಮೇಲೇರಿ, ಲಾಗ ಹಾಕಿ, ಕೆಳಗೆ ಬೀಳುತ್ತಿದ್ದವು. ಗೂಡಿನ ಫೋಟೋ ತೆಗೆಯಲು ಹತ್ತಿರ ಹೋಗಲಿಲ್ಲ, ಜಾಗವನ್ನು ಯಾರಿಗೂ ಹೇಳಲೂ ಇಲ್ಲ. ಜೂನ್ ಎರಡನೇ ಭಾನುವಾರ ಮೋಡ ಕವಿದಿತ್ತು. ಇಪ್ಪತ್ತೆರಡು ಮತ್ತು ಇಪ್ಪತ್ತಮೂರನೇ ಕಂಬದ ನಡುವೆ ತಂತಿ ಮೇಲೆ ನಾಲ್ಕು ಕೂತಿದ್ದವು. ಎರಡರ ಬಣ್ಣ ಇನ್ನೂ ಮಂಕಾಗಿತ್ತು. ನೀಲಕಂಠ 4 ಅಂತ ಬರೆದೆ, ಕಾಗೆ 7, ಬೆಳವ 12, ಕಾಜಾಣ 5, ಉಳಿದವನ್ನೂ ಬರೆದು, ಹೌದು ಒತ್ತಿ ಕಳಿಸಿದೆ.