ಹಳೇ ಯಾಶಿಕಾದಲ್ಲಿ ಮನೆಮಂದಿಯ ಗ್ರೂಪ್ ಫೋಟೋ: ಕೂರಿಸುವುದೇ ಮುಕ್ಕಾಲು ಕೆಲಸ

ಗ್ರೂಪ್ ಫೋಟೋದಲ್ಲಿ ಕ್ಯಾಮೆರಾದ ಕೆಲಸ ಕಾಲು ಭಾಗ. ಉಳಿದ ಮುಕ್ಕಾಲು ಜನರನ್ನು ಕೂರಿಸುವುದು. ಸಾಗರ, ಸಿರ್ಸಿ ಕಡೆಯ ಮನೆಗಳಲ್ಲಿ ಹಳೇ ಫಿಲಂ ಕ್ಯಾಮೆರಾ ಹಿಡಿದು ಓಡಾಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದ್ದು ಇದೇ. ಷಷ್ಟಿಪೂರ್ತಿ, ಗೃಹಪ್ರವೇಶ, ದೀಪಾವಳಿಗೆ ಊರಿಗೆ ಬಂದವರೆಲ್ಲ ಸೇರಿದ ದಿನ, ಇಂಥ ಹೊತ್ತಿಗೆ ನನ್ನನ್ನು ಕರೆಯುತ್ತಾರೆ. ಮೊಬೈಲಿನಲ್ಲಿ ನೂರಾರು ಫೋಟೋ ಇರುತ್ತವೆ. ಆದರೂ ಕಟ್ಟು ಹಾಕಿಸಿ ಜಗಲಿಯ ಗೋಡೆಗೆ ತೂಗುಹಾಕುವಂಥ ಒಂದು ಫೋಟೋ ಬೇಕು ಅನ್ನುವವರು ಇನ್ನೂ ಇದ್ದಾರೆ. ಅವರಿಗಾಗಿ ಮಾಡುವ ಕೆಲಸ ಇದು. ನಾನು ಹೇಗೆ ಮಾಡುತ್ತೇನೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕ್ಯಾಮೆರಾ ಯಾಶಿಕಾ ಮ್ಯಾಟ್ 124ಜಿ. 1970ರಲ್ಲಿ ಬಂದ ಮಾಡೆಲ್, ಎಂಬತ್ತರ ದಶಕದ ನಡುವಿನವರೆಗೂ ತಯಾರಾಗುತ್ತಿತ್ತು. ಒಂದರ ಮೇಲೊಂದು ಎರಡು ಲೆನ್ಸ್. ಮೇಲಿನದು ನೋಡಲಿಕ್ಕೆ, ಕೆಳಗಿನದು ಫೋಟೋ ತೆಗೆಯಲಿಕ್ಕೆ. 120 ಸೈಜಿನ ರೋಲ್ ಹಾಕಿದರೆ 12 ಚೌಕ ಫೋಟೋ ಬರುತ್ತವೆ. ಸಣ್ಣ 35 ಎಂಎಂ ಕ್ಯಾಮೆರಾ ಸಾಕಲ್ವಾ ಅಂತ ಕೇಳುತ್ತಾರೆ. ಒಬ್ಬಿಬ್ಬರ ಫೋಟೋಗೆ ಸಾಕು. ಹದಿನೈದು ಜನ ಮೂರು ಸಾಲಿನಲ್ಲಿ ಇದ್ದಾಗ, ಐದು ಮೀಟರ್ ದೂರದಿಂದ ತೆಗೆದರೆ, ಒಂದು ಮುಖ ನನ್ನ ನೆಗೆಟಿವ್ ಮೇಲೆ ಸುಮಾರು 3 ಮಿಲಿಮೀಟರ್ ಉದ್ದ ಇರುತ್ತದೆ. ಅಷ್ಟೇ ಜನರನ್ನು 35 ಎಂಎಂ ಫಿಲಂನಲ್ಲಿ ತುಂಬಿಸಿದರೆ ಅದೇ ಮುಖ 2 ಮಿಲಿಮೀಟರ್. ಅಜ್ಜನ ಹಣೆಯ ಗೆರೆ, ಮಗುವಿನ ರೆಪ್ಪೆ ಉಳಿಯುವುದು ಆ ಒಂದು ಮಿಲಿಮೀಟರಿನಲ್ಲಿ.

ಹಳೇ ಕ್ಯಾಮೆರಾ ಕೊಳ್ಳುವವರು ಮೂರು ವಿಷಯ ನೋಡಲೇಬೇಕು. ಒಂದು, ಲೆನ್ಸಿನಲ್ಲಿ ಬೂಷ್ಟು. ಮಲೆನಾಡಿನ ಮಳೆಗಾಲ ಕಂಡ ಕ್ಯಾಮೆರಾ ಆದರೆ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ಬಿಟ್ಟುಬಿಡಿ. ನಾನು ಜೂನ್ ಬಂತೆಂದರೆ ಗಾಳಿ ಆಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಎರಡನೆಯದು ಶಟರ್, ಫಿಲಂ ಮೇಲೆ ಬೆಳಕು ಬಿಡುವ ಬಾಗಿಲು. ಒಂದು ಸೆಕೆಂಡು, ಅರ್ಧ ಸೆಕೆಂಡಿಗೆ ಇಟ್ಟು ಕಿವಿಗೊಟ್ಟು ಕೇಳಿ. ಒಳಗಿನ ಎಣ್ಣೆ ಗಟ್ಟಿಯಾಗಿದ್ದರೆ ಶಟರ್ ಎಳೆದಾಡುತ್ತದೆ, ಕೆಲವು ಸಲ ಮುಚ್ಚುವುದೇ ಇಲ್ಲ. ಮೂರನೆಯದು ಲೈಟ್ ಮೀಟರ್, ಬೆಳಕು ಅಳೆಯುವ ಸಾಧನ. ಇದರ ಮೀಟರ್‌ಗೆ ಬೇಕಾದ 1.35 ವೋಲ್ಟಿನ ಪಾದರಸದ ಸೆಲ್ ಈಗ ಮಾರಾಟಕ್ಕಿಲ್ಲ. ಬೇರೆ ವೋಲ್ಟಿನ ಸೆಲ್ ಹಾಕಿದರೆ ಲೆಕ್ಕ ತಪ್ಪಬಹುದು. ಹಾಗಾಗಿ ಅದನ್ನು ನಂಬದೆ ಕೈಯಲ್ಲಿ ಹಿಡಿಯುವ ಮೀಟರ್ ಇಟ್ಟುಕೊಳ್ಳಿ.

ಹಳೇ ಸ್ಟುಡಿಯೋದವರು ಇದಕ್ಕಿಂತ ದೊಡ್ಡ ಕ್ಯಾಮೆರಾದಲ್ಲಿ ತೆಗೆಯುತ್ತಿದ್ದರು. ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ತಯಾರಿಸುತ್ತಿದ್ದ ವಾಗೀಶ್ವರಿ ಅನ್ನುವ ಮರದ ಕ್ಯಾಮೆರಾ ದೇಶದ ಎಷ್ಟೋ ಸ್ಟುಡಿಯೋಗಳಲ್ಲಿತ್ತು. ಫೋಟೋಗ್ರಾಫರ್ ಕರಿ ಬಟ್ಟೆಯೊಳಗೆ ತಲೆ ತೂರಿಸಿ ನೋಡುವ ಕ್ಯಾಮೆರಾ ಅದು. ಅದರ ಅಷ್ಟಗಲದ ನೆಗೆಟಿವ್ ನೋಡಿದವರಿಗೆ ನನ್ನ ಯಾಶಿಕಾದ್ದು ಚಿಕ್ಕದೇ. ಆದರೆ ಬಸ್ಸಿನಲ್ಲಿ ಹೋಗಿ, ಗದ್ದೆಬದಿಯಲ್ಲಿ ನಡೆದು ಮನೆ ತಲುಪುವವನಿಗೆ ಯಾಶಿಕಾ ಸರಿ.

ಇನ್ನು ಜಾಗ. ನಮ್ಮ ಕಡೆ ಎಲ್ಲರೂ ಮೊದಲು ತೋರಿಸುವುದು ಅಂಗಳ. ದೀಪಾವಳಿ ಕಳೆದ ಮೇಲಾದರೆ ಅಂಗಳದ ತುಂಬ ಅಡಿಕೆ ಹರವಿರುತ್ತದೆ, ಆ ಮಾತೇ ಬೇಡ. ಅಡಿಕೆ ಇಲ್ಲದಿದ್ದರೂ ನೇರ ಬಿಸಿಲು ನನಗೆ ಬೇಡ. ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ, ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಮಾವಿನ ಮರದ ಕೆಳಗೆ ಇನ್ನೂ ಕಷ್ಟ, ಒಬ್ಬರ ಕೆನ್ನೆ ಮೇಲೆ ಬಿಸಿಲಿನ ಚುಕ್ಕಿ, ಇನ್ನೊಬ್ಬರ ಮೂಗಿನ ಮೇಲೆ. ನಾನು ಹುಡುಕುವುದು ಮನೆಯ ನೆರಳು ಬಿದ್ದ, ಆದರೆ ಎದುರಿಗೆ ಆಕಾಶ ಬಿಚ್ಚಿಕೊಂಡಿರುವ ಜಾಗ. ಮನೆ ಪೂರ್ವಕ್ಕೆ ಮುಖ ಮಾಡಿದ್ದರೆ ಸಂಜೆ ನಾಲ್ಕರ ಮೇಲೆ ಎದುರಿನ ಅಂಗಳದಲ್ಲಿ ಅಂಥ ಬೆಳಕು ಸಿಗುತ್ತದೆ. ಜಗಲಿಯ ಒಳಗೆ ಕೂರಿಸಿದರೆ ನೋಡಲು ಚಂದ, ಆದರೆ ಬೆಳಕು ಸಾಲದೆ ಶಟರ್ 1/15 ಸೆಕೆಂಡಿಗೆ ಇಳಿಯುತ್ತದೆ. ಅಷ್ಟು ಹೊತ್ತು ದೊಡ್ಡವರು ಅಲ್ಲಾಡದೆ ಕೂರಬಹುದು, ಮಕ್ಕಳು ಕೂರುವುದಿಲ್ಲ. ಜಗಲಿಯ ಮೆಟ್ಟಿಲು ಮಾತ್ರ ಬಹಳ ಉಪಯೋಗ. ಹಿಂದಿನ ಸಾಲು ಮೇಲಿನ ಮೆಟ್ಟಿಲ ಮೇಲೆ ನಿಂತರೆ ಯಾರ ಮುಖವೂ ಮುಚ್ಚುವುದಿಲ್ಲ.

ಲೆಕ್ಕ ಸುಲಭ. ಈ 80 ಎಂಎಂ ಲೆನ್ಸಿಗೆ ಐದು ಮೀಟರ್ ದೂರದಲ್ಲಿ ಮೂರೂವರೆ ಮೀಟರ್ ಅಗಲ ಕಾಣುತ್ತದೆ. ಒಂದು ಸಾಲಿಗೆ ಆರು ಜನ ಆರಾಮಾಗಿ ಹಿಡಿಯುತ್ತಾರೆ. ನೆಲದ ಮೇಲಿನ ಮಕ್ಕಳಿಂದ ಹಿಂದೆ ನಿಂತವರವರೆಗೆ ಒಂದೂವರೆ ಮೀಟರ್ ಆಳ. ಫೋಕಸ್ ಕುರ್ಚಿಯಲ್ಲಿ ಕೂತವರ ಕಣ್ಣಿಗೆ. ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ, ಎಫ್ 8 ಇಟ್ಟರೆ ಮೂರು ಸಾಲೂ ಚೊಕ್ಕ ಬರುತ್ತವೆ. ಎಫ್ 3.5ಕ್ಕೆ ಅಗಲವಾಗಿ ತೆರೆದು ಬಿಟ್ಟರೆ ಹಿಂದಿನವರು ಮಸುಕಾಗುವ ಭಯ ಇದ್ದೇ ಇದೆ. ಹಿನ್ನೆಲೆ ಮಸುಕಾಗಿಸುವ ಆಸೆ ಗ್ರೂಪ್ ಫೋಟೋದಲ್ಲಿ ಇಟ್ಟುಕೊಳ್ಳಬಾರದು. ಮನೆಯ ಕಂಬ, ಬಾಗಿಲು, ತೋರಣ ಎಲ್ಲ ಕಾಣಬೇಕು. ಐವತ್ತು ವರ್ಷ ಆದ ಮೇಲೆ ಜನ ಮುಖದಷ್ಟೇ ಆಸೆಯಿಂದ ಆ ಬಾಗಿಲನ್ನೂ ನೋಡುತ್ತಾರೆ.

ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ಕೂತವರ ಮುಖದ ಎತ್ತರಕ್ಕೆ. ಯಾಶಿಕಾವನ್ನು ಮೇಲಿನಿಂದ ಬಗ್ಗಿ ನೋಡುವುದರಿಂದ ಈ ಎತ್ತರ ತಾನಾಗಿ ಬರುತ್ತದೆ. ಕ್ಯಾಮೆರಾವನ್ನು ಮೇಲಕ್ಕೂ ಕೆಳಕ್ಕೂ ವಾಲಿಸದೆ ನೆಟ್ಟಗೆ ಇಟ್ಟರೆ ಕಂಬಗಳು ಓರೆಯಾಗುವುದಿಲ್ಲ. ಇದರ ನೋಡುವ ಗಾಜಿನಲ್ಲಿ ಎಡ ಬಲ ಅದಲುಬದಲಾಗಿ ಕಾಣುತ್ತದೆ. ಅದಕ್ಕೇ "ಸ್ವಲ್ಪ ಬಲಕ್ಕೆ ಬನ್ನಿ" ಅನ್ನುವುದಕ್ಕಿಂತ "ಅತ್ತಿಗೆ ಕಡೆ ಬನ್ನಿ", "ಕಂಬದ ಕಡೆ ಬನ್ನಿ" ಅನ್ನುವುದು ಒಳ್ಳೆಯದು.

ಈಗ ಕೂರಿಸುವ ವಿಷಯ. ಮನೆಗೆ ಹೋದ ಕೂಡಲೇ ನಾನು ಕ್ಯಾಮೆರಾ ತೆಗೆಯುವುದಿಲ್ಲ. ಕಾಫಿ ಕುಡಿಯುತ್ತಾ ಯಾರು ಯಾರಿಗೆ ಏನಾಗಬೇಕು ಅಂತ ಕೇಳಿ ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಅಜ್ಜ, ಅಜ್ಜಿ, ಅವರ ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು. ಸಾಲು ಮೊದಲು ಕಾಗದದ ಮೇಲೆ ಆಗಬೇಕು. ಕ್ಯಾಮೆರಾ ಎದುರು ನಿಲ್ಲಿಸಿಕೊಂಡು ಚರ್ಚೆ ಶುರುವಾದರೆ ಹಿರಿಯರಿಗೆ ಸುಸ್ತಾಗುತ್ತದೆ, ಮಕ್ಕಳು ಅಳುತ್ತವೆ.

ನಾನು ನೋಡಿದ ಹಳೇ ಗ್ರೂಪ್ ಫೋಟೋಗಳಲ್ಲಿ ಗಂಡ ತೀರಿಕೊಂಡ ಅಜ್ಜಿಯರು ಎಷ್ಟೋ ಸಲ ಇಲ್ಲವೇ ಇಲ್ಲ. ಇದ್ದರೂ ತುದಿಯಲ್ಲಿ, ಸೆರಗು ಮುಂದೆ ಎಳೆದುಕೊಂಡು. ಮನೆ ನಡೆಸಿದವರು ಅವರೇ ಆಗಿರುತ್ತಾರೆ. ಇದೊಂದು ವಿಷಯದಲ್ಲಿ ನಾನು ಹಟ ಮಾಡುತ್ತೇನೆ. ಒಂದು ಮನೆಯಲ್ಲಿ ಅಜ್ಜಿ, "ತಮಾ, ನಾನು ಇಲ್ಲೇ ಕಂಬದ ಹತ್ರ ನಿಲ್ತೀನಿ ಬಿಡು" ಅಂದರು. "ಅಮ್ಮಾ, ನೀವು ನಡುವೆ ಕೂತ ಮೇಲೇ ಉಳಿದವರ ಜಾಗ ಗೊತ್ತಾಗೋದು, ಕೂತ್ಕೊಳ್ಳಿ" ಅಂದೆ. ಹಿರಿಯ ಮಗ ತಾನೇ ಕುರ್ಚಿ ತಂದು ನಡುವೆ ಇಟ್ಟರು. ಅಲ್ಲಿಂದ ಮುಂದೆ ಸಾಲು ತಾನಾಗಿ ಕೂಡಿಬಂತು. ನಡುವಿನ ಕುರ್ಚಿ ಯಾರದು ಅನ್ನುವುದು ಸರಿಯಾದರೆ ಉಳಿದದ್ದೆಲ್ಲ ಅದರ ಸುತ್ತ ನಿಲ್ಲುತ್ತದೆ.

ಹಾಗೇ ಮದುವೆಯಾಗಿ ಹೋದ ಹೆಣ್ಣುಮಕ್ಕಳು. "ಮೊದಲು ಮನೆಯವರದ್ದು ತೆಗೀರಿ, ಆಮೇಲೆ ಅವರದ್ದು" ಅನ್ನುವ ಮಾತು ಈಗಲೂ ಬರುತ್ತದೆ. ನಾನು ದೊಡ್ಡ ಗ್ರೂಪನ್ನೇ ಮೊದಲು ತೆಗೆಯುತ್ತೇನೆ. ಎಲ್ಲರ ಮುಖದಲ್ಲೂ ಲವಲವಿಕೆ ಇರುವುದು ಮೊದಲ ಕಾಲು ಗಂಟೆ ಮಾತ್ರ, ಅದು ಎಲ್ಲರಿಗೂ ಸೇರಬೇಕು. ಅಕ್ಕ ತಂಗಿಯರನ್ನು ಅಮ್ಮನ ಪಕ್ಕದ ಕುರ್ಚಿಗಳಲ್ಲಿ ಕೂರಿಸಿ, ಅಣ್ಣ ತಮ್ಮಂದಿರನ್ನು ಅವರ ಹಿಂದೆ ನಿಲ್ಲಿಸಿದರೆ ಒಳ್ಳೆಯ ಜೋಡಣೆ ಆಗುತ್ತದೆ, ಯಾರೂ ಬೇಡ ಅನ್ನುವುದಿಲ್ಲ. ಹೊಸ ಸೊಸೆ ಸಾಮಾನ್ಯವಾಗಿ ಯಾರದೋ ಭುಜದ ಹಿಂದೆ ಅಡಗಿರುತ್ತಾಳೆ. ಅವಳನ್ನು ಹೆಸರು ಹಿಡಿದು ಕರೆದು ಮುಂದೆ ತರುತ್ತೇನೆ. ಅಡಿಗೆಮನೆಯಲ್ಲಿ ಯಾರಾದರೂ ಉಳಿದಿದ್ದಾರಾ ಅಂತ ಎರಡು ಸಲ ಕೇಳುತ್ತೇನೆ. ಯಾವಾಗಲೂ ಒಬ್ಬರು ಇದ್ದೇ ಇರುತ್ತಾರೆ.

ಬಿಳಿ ಪ್ಲಾಸ್ಟಿಕ್ ಕುರ್ಚಿ ಬೇಡ, ಮರದ ಬೆಂಚು ತರಿಸಿ. ಮಕ್ಕಳಿಗೆ ಜಮಖಾನ. ಕನ್ನಡಕದಲ್ಲಿ ಆಕಾಶ ಹೊಳೆದರೆ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒಂದಿಷ್ಟು ಎತ್ತಿದರೆ ಗಾಜು ಕೆಳಕ್ಕೆ ವಾಲಿ ಹೊಳಪು ಹೋಗುತ್ತದೆ. ನಗಿ ಅಂತ ಯಾರಿಗೂ ಹೇಳುವುದಿಲ್ಲ. ಸುಮ್ನೆ ಕೂತಾಗಿನ ಮುಖವೇ ಅವರ ಮುಖ.

ಬಟ್ಟೆ ಬಗ್ಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳುತ್ತೇನೆ. ಕಪ್ಪುಬಿಳುಪಿನ ಫಿಲಂನಲ್ಲಿ ಕೆಂಪೂ ಹಸಿರೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣ ಆಗಿಬಿಡುತ್ತವೆ. ಕೆಂಪು ಸೀರೆಗೆ ಹಸಿರು ಅಂಚಿದ್ದರೆ ಅಂಚು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಜರಿ ಅಂಚು, ಇಲ್ಲಾ ತಿಳಿಬಣ್ಣದ ಒಡಲಿಗೆ ಗಾಢ ಅಂಚು ಚೆನ್ನಾಗಿ ಬರುತ್ತದೆ. ಗಂಡಸರ ಬಿಳಿ ಪಂಚೆ, ಬಿಳಿ ಅಂಗಿ ದೊಡ್ಡ ತೊಡಕು. ಆ ಬಿಳಿ ನೋಡಿ ಮೀಟರ್ ಹಿಡಿದರೆ ಮುಖಗಳು ಕಪ್ಪಾಗುತ್ತವೆ. ನಮ್ಮ ಮೈಬಣ್ಣಕ್ಕೆ ಬೆಳಕು ಧಾರಾಳ ಬೇಕು. ನಾನು ಇಲ್ಫರ್ಡ್ ಎಚ್‌ಪಿ5 ಪ್ಲಸ್ ಫಿಲಂ ಬಳಸುತ್ತೇನೆ. ಅದರ ಡಬ್ಬಿಯ ಮೇಲೆ ಫಿಲಂನ ವೇಗ 400 ಅಂತ ಇರುತ್ತದೆ, ಮೀಟರಿನಲ್ಲಿ 200 ಇಡುತ್ತೇನೆ, ಅಂದರೆ ಎರಡು ಪಟ್ಟು ಬೆಳಕು. ಮೀಟರ್ ಹಿಡಿಯುವುದು ಅಜ್ಜಿಯ ಗಲ್ಲದ ಹತ್ತಿರ, ಕ್ಯಾಮೆರಾ ಕಡೆಗೆ ತಿರುಗಿಸಿ. ಒಳ್ಳೆಯ ನೆರಳಿನಲ್ಲಿ ಎಫ್ 8, 1/125 ಸಿಗುತ್ತದೆ. ಹೀಗೆ ಜಾಸ್ತಿ ಬೆಳಕು ಕೊಟ್ಟದ್ದನ್ನು ರೋಲ್ ತೊಳೆಯುವಾಗ ಹೊತ್ತು ಕಡಿಮೆ ಮಾಡಿ ಸರಿದೂಗಿಸುತ್ತೇನೆ. ಆಗ ಬಿಳಿ ಪಂಚೆಯ ನಿರಿಗೆಯೂ ಉಳಿಯುತ್ತದೆ.

ಫೋಟೋ ತೆಗೆಯುವ ಮೊದಲು ಎಲ್ಲ ಮೊಬೈಲೂ ಒಂದು ಬುಟ್ಟಿಗೆ. ಇಲ್ಲದಿದ್ದರೆ ನನ್ನ ಹಿಂದೆ ನಾಲ್ಕು ಜನ ಮೊಬೈಲ್ ಹಿಡಿದಿರುತ್ತಾರೆ, ಕೂತವರು ಯಾರ ಕಡೆ ನೋಡಬೇಕು ಅಂತ ತಿಳಿಯದೆ ಒಬ್ಬೊಬ್ಬರು ಒಂದೊಂದು ಕಡೆ ನೋಡುತ್ತಾರೆ.

ರೆಪ್ಪೆ ಮುಚ್ಚುವುದಕ್ಕೆ ಒಂದು ಲೆಕ್ಕವೇ ಇದೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಓ ವಿಜ್ಞಾನ ಸಂಸ್ಥೆಯ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದನ್ನು ಲೆಕ್ಕ ಹಾಕಿ 2006ರಲ್ಲಿ ಇಗ್ ನೊಬೆಲ್ ಪಡೆದರು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು. ಇಪ್ಪತ್ತಕ್ಕಿಂತ ಕಡಿಮೆ ಜನ ಇದ್ದರೆ, ಒಳ್ಳೆಯ ಬೆಳಕಿನಲ್ಲಿ ಜನರ ಸಂಖ್ಯೆಯನ್ನು ಮೂರರಿಂದ ಭಾಗಿಸಿ. ಕಡಿಮೆ ಬೆಳಕಾದರೆ ಎರಡರಿಂದ. ಅಷ್ಟು ಫೋಟೋ ತೆಗೆದರೆ ಎಲ್ಲರ ಕಣ್ಣೂ ತೆರೆದಿರುವ ಒಂದಾದರೂ ಬಹುತೇಕ ಸಿಗುತ್ತದೆ. ಹದಿನೈದು ಜನರಿಗೆ ಐದು. ಒಂದು ರೋಲ್‌ನಲ್ಲಿ 12 ಇರುವುದರಿಂದ ಎರಡು ಬಗೆಯ ಜೋಡಣೆಗೆ ಸಾಕು. ಇದರ ಜೊತೆಗೆ ನನ್ನದೊಂದು ಕ್ರಮ ಇದೆ. "ಎಲ್ಲರೂ ಕಣ್ಣು ಮುಚ್ಚಿ, ನಾನು ಮೂರು ಅಂದಾಗ ತೆರೀರಿ" ಅನ್ನುತ್ತೇನೆ. ತೆರೆದ ಮರುಕ್ಷಣ ಒತ್ತುತ್ತೇನೆ. ಒತ್ತುವಾಗ ಗಾಜು ನೋಡುವುದಿಲ್ಲ. ಕೇಬಲ್ ರಿಲೀಸ್, ಅಂದರೆ ಶಟರ್ ಒತ್ತುವ ತಂತಿ, ಹಿಡಿದು ಕ್ಯಾಮೆರಾದ ಪಕ್ಕ ನಿಂತು ಅವರ ಮುಖವನ್ನೇ ನೋಡುತ್ತೇನೆ. ಆಗ ಅವರೂ ಮನುಷ್ಯನನ್ನು ನೋಡುತ್ತಾರೆ. ನೋಟ ಲೆನ್ಸಿಗಿಂತ ಒಂದಿಷ್ಟು ಪಕ್ಕಕ್ಕೆ ಹೋದರೂ ಚಿಂತೆಯಿಲ್ಲ, ಎಲ್ಲರ ನೋಟವೂ ಒಂದೇ ಕಡೆ ಇದ್ದರೆ ಸಾಕು.

ರೋಲ್ ಮನೆಯಲ್ಲೇ ತೊಳೆಯುತ್ತೇನೆ. ಡೆವಲಪರ್, ಅಂದರೆ ಚಿತ್ರ ಮೂಡಿಸುವ ದ್ರಾವಣ, ಡಿ-76, ಕೊಡಾಕ್ 1927ರಲ್ಲಿ ತಂದದ್ದು, ಈಗಲೂ ಅದೇ ಸಾಕು. ಒಂದು ಪಾಲಿಗೆ ಒಂದು ಪಾಲು ನೀರು ಸೇರಿಸಿದರೆ 20 ಡಿಗ್ರಿಯಲ್ಲಿ ಈ ಫಿಲಂಗೆ 11 ನಿಮಿಷ ಅಂತ ಇಲ್ಫರ್ಡ್‌ನವರ ಪಟ್ಟಿ ಹೇಳುತ್ತದೆ. ನಾನು ಒಂಬತ್ತಕ್ಕೆ ನಿಲ್ಲಿಸುತ್ತೇನೆ. ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರೇ ಬಿಸಿ ಇರುತ್ತದೆ. ಅಗಲವಾದ ಟಬ್ಬಿನಲ್ಲಿ ನೀರು ತುಂಬಿ, ಪ್ಲಾಸ್ಟಿಕ್ ಕವರಿನಲ್ಲಿ ಐಸ್ ಕಟ್ಟಿ ಅದರೊಳಗೆ ಬಿಟ್ಟು, ಎಲ್ಲ ಬಾಟಲಿಗಳನ್ನೂ ಅದರಲ್ಲೇ ನಿಲ್ಲಿಸುತ್ತೇನೆ. ಡೆವಲಪರ್ ಮಾತ್ರ ತಣ್ಣಗಿದ್ದು ಚಿತ್ರವನ್ನು ಖಾಯಂ ಮಾಡುವ ಫಿಕ್ಸರ್, ತೊಳೆಯುವ ನೀರು ಬಿಸಿಯಾಗಿದ್ದರೆ ಫಿಲಂನ ಮೇಲ್ಪದರ ಬಿರುಕುಬಿಟ್ಟಂತೆ ಆಗಬಹುದು. ಎಲ್ಲದರ ಬಿಸಿಯೂ ಒಂದೇ ಇರಲಿ.

ಪ್ರಿಂಟ್ 8×10 ಇಂಚಿನ ಫೈಬರ್ ಪೇಪರ್ ಮೇಲೆ. ಹರಿಯುವ ನೀರಿನಲ್ಲಿ ಒಂದು ಗಂಟೆ ತೊಳೆಯಬೇಕು, ಹೈಪೋ, ಅಂದರೆ ಫಿಕ್ಸರ್, ಉಳಿದರೆ ವರ್ಷಗಳ ಮೇಲೆ ಹಳದಿ ಕಲೆ ಬರುತ್ತದೆ. ಒಣಗಿದ ಮೇಲೆ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಸಾಲು ಸಾಲಾಗಿ, ಎಡದಿಂದ ಬಲಕ್ಕೆ ಹೆಸರು ಬರೆಯುತ್ತೇನೆ. ಊರು, ತಾರೀಖು, ನೆಗೆಟಿವ್ ನಂಬರ್ ಕೂಡ. "ಸೊಸೆ", "ಮಗು" ಅಂತ ಬರೆಯುವುದಿಲ್ಲ, ಅವರವರ ಹೆಸರೇ. ಕಾಫಿ ಕುಡಿಯುವಾಗ ಬರೆದ ಚೀಟಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆಗೂ ಒಂದೊಂದು ಪ್ರಿಂಟ್ ಹೋಗಬೇಕು ಅಂತ ಮೊದಲೇ ಮಾತಾಡಿಕೊಂಡು, ಆ ಲೆಕ್ಕ ಹಿಡಿದೇ ಪೇಪರ್ ತರಿಸುತ್ತೇನೆ.