ಪಾಫೋಸ್ ಭೂಶಿರದಲ್ಲಿ ಬೆಳಿಗ್ಗೆ ಒಂಬತ್ತರ ಪಾಳಿ: ನನ್ನ ಅನುಭವ

ಸೈಪ್ರಸ್ಸಿನ ಪಾಫೋಸ್ ಭೂಶಿರಕ್ಕೆ ವಸಂತದ ಹಕ್ಕಿವಲಸೆ ನೋಡಲು ಹೋಗುವವರು ಬೆಳಕು ಹರಿಯುವಷ್ಟರಲ್ಲಿ ಅಲ್ಲಿರುತ್ತಾರೆ. ಎದುರುಗಾಳಿಯ ದಿನ ಒಂಬತ್ತಕ್ಕೆ ಶುರುಮಾಡಿ ಹನ್ನೆರಡೂವರೆಗೆ ಮುಗಿಸಿದರೆ ಹೆಚ್ಚು ಹಕ್ಕಿ ಸಿಗುತ್ತದೆ ಎಂದು ನಾನು ಹೇಳಿದಾಗ ಹಳಬರು ಯಾರೂ ಒಪ್ಪಲಿಲ್ಲ. ಬಿಸಿಲೇರಿದ ಮೇಲೆ ಬರೀ ಪ್ರವಾಸಿಗರು ಸಿಗುತ್ತಾರೆ ಎಂಬ ಮಾತೇ ಎಲ್ಲರದೂ. ಮೂರು ವಸಂತ ಎಣಿಸಿದ ಮೇಲೆ ಅವರಲ್ಲಿ ಇಬ್ಬರು ಈಗ ನನ್ನ ಹೊತ್ತಿಗೇ ಬರುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದರ ಹಿಂದಿರುವುದು ಶಾಲೆಯ ಗಣಿತ. ವಸಂತದಲ್ಲಿ ಹಕ್ಕಿಗಳು ಆಫ್ರಿಕದಿಂದ ಉತ್ತರಕ್ಕೆ ರಾತ್ರಿ ಹಾರಿ ಬರುತ್ತವೆ. ಈಜಿಪ್ಟಿನ ನೈಲ್ ನದಿಮುಖದಿಂದ ಪಾಫೋಸಿಗೆ ಸಮುದ್ರದ ಮೇಲೆ ಸುಮಾರು 370 ಕಿಲೋಮೀಟರು. ಸಣ್ಣ ಹಕ್ಕಿಗಳ ವೇಗ ನಿಶ್ಚಲ ಗಾಳಿಯಲ್ಲಿ ಗಂಟೆಗೆ 40ರ ಆಸುಪಾಸು. ಏಪ್ರಿಲ್ ಮೊದಲ ವಾರ ಕತ್ತಲಾದ ಮೇಲೆ ಎಂಟಕ್ಕೆ ಹೊರಟರೆ ಬೆಳಿಗ್ಗೆ ಐದೂಕಾಲಿಗೆ ದಡ. ಬೆನ್ನುಗಾಳಿ 15 ಇದ್ದರೆ ಮೂರಕ್ಕೂ ಮೊದಲೇ ದ್ವೀಪದ ನೆತ್ತಿ ಮುಟ್ಟಿ, ಕತ್ತಲಲ್ಲೇ ಟರ್ಕಿಯ ಕಡೆ ದಾಟುತ್ತವೆ. ಆ ದಿನ ಭೂಶಿರದಲ್ಲಿ ಏನೂ ಇರುವುದಿಲ್ಲ. ಈಗ ಮೊದಲರ್ಧಕ್ಕೆ ಹತ್ತರ ಬೆನ್ನುಗಾಳಿ, ಉಳಿದರ್ಧಕ್ಕೆ ಇಪ್ಪತ್ತರ ಎದುರುಗಾಳಿ ಹಾಕಿ ನೋಡಿ. ಮೊದಲ 185 ಕಿಲೋಮೀಟರಿಗೆ ಮೂರೂಮುಕ್ಕಾಲು ಗಂಟೆ, ಎರಡನೆಯ 185ಕ್ಕೆ ಒಂಬತ್ತೂಕಾಲು. ಒಟ್ಟು ಹದಿಮೂರು. ಅಂದರೆ ಬೆಳಿಗ್ಗೆ ಒಂಬತ್ತು. ದಣಿದ ಹಕ್ಕಿ ಆಗ ಆರಿಸುತ್ತ ಕೂರುವುದಿಲ್ಲ, ಕಂಡ ಮೊದಲ ನೆಲಕ್ಕೆ ಇಳಿಯುತ್ತದೆ.

ಹಾಗಾಗಿ ಬೇಕಾದದ್ದು ಬರೀ ಎದುರುಗಾಳಿಯಲ್ಲ. ಸಂಜೆ ಈಜಿಪ್ಟಿನ ದಡದಲ್ಲಿ ದಕ್ಷಿಣದ ಗಾಳಿ ಇದ್ದು ಹಕ್ಕಿಗಳು ಧೈರ್ಯವಾಗಿ ಹೊರಡಬೇಕು. ನಡುರಾತ್ರಿಯ ನಂತರ ಪಶ್ಚಿಮದಿಂದ ಬರುವ ಮಳೆಮೋಡದ ಸಾಲು ನಡುಸಮುದ್ರದಲ್ಲಿ ಅವಕ್ಕೆ ಎದುರಾಗಿ, ಗಾಳಿ ವಾಯವ್ಯಕ್ಕೆ ತಿರುಗಬೇಕು. ಎರಡೂ ಕಡೆ ಉತ್ತರದ ಗಾಳಿಯಿದ್ದರೆ ಅವು ಹೊರಡುವುದೇ ಇಲ್ಲ.

ಮೊದಲ ವರ್ಷ ಇದನ್ನು ಪೂರ್ತಿ ತಪ್ಪಾಗಿ ಓದಿದೆ. ಹವಾಮಾನದ ಆ್ಯಪಿನಲ್ಲಿ ನೆಲಮಟ್ಟದ ಗಾಳಿ, ಅಂದರೆ ಹತ್ತು ಮೀಟರಿನದು, ಅದನ್ನೇ ನೋಡುತ್ತಿದ್ದೆ. ದಡದಲ್ಲಿ ಅದು ಹಗಲಿಗೊಂದು, ರಾತ್ರಿಗೊಂದು. ಕಡಲಗಾಳಿ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಆರೇಳು ಸುತ್ತು ವ್ಯರ್ಥವಾದ ಮೇಲೆ 925 ಹೆಕ್ಟೊಪಾಸ್ಕಲ್ ವಾಯುಒತ್ತಡದ ಪದರಕ್ಕೆ ಬಂದೆ, ಸುಮಾರು ಏಳೆಂಟುನೂರು ಮೀಟರ್ ಎತ್ತರದ್ದು. ರಾತ್ರಿ ಹಾರುವ ಹಕ್ಕಿಗೆ ತಗಲುವ ಗಾಳಿ ನೆಲದ್ದಲ್ಲ, ಅಲ್ಲಿಯದು. ನಾನು ನೋಡುವುದು ಮೂರೇ ಬಿಂದು: ನೈಲ್ ನದಿಮುಖದ ರೊಸೆಟ್ಟಾದಲ್ಲಿ ರಾತ್ರಿ 8, ನಡುಸಮುದ್ರದಲ್ಲಿ 1, ಪಾಫೋಸಿನ ದಕ್ಷಿಣಕ್ಕೆ 5.

ಇನ್ನೊಂದು ಮೋಸ ಖಮ್ಸೀನ್. ಮರಳುಗಾಡಿನ ಧೂಳು ಹೊತ್ತ ಬಿಸಿಗಾಳಿ ಬಂದ ದಿನ ಆಕಾಶ ಕಿತ್ತಳೆ, ದಿಗಂತವೇ ಕಾಣದು. ದಿಕ್ಕುತಪ್ಪಿದ ಹಕ್ಕಿಗಳು ಇಳಿದಿರಬೇಕು ಅನ್ನಿಸುತ್ತದೆ. ಎರಡು ಸಲ ರಜೆ ಹಾಕಿ ಹೋದೆ. ಎರಡು ಸಲವೂ ಖಾಯಂ ನಿವಾಸಿ ಚಂಡೂಲಗಳನ್ನು ಬಿಟ್ಟು ಹೆಚ್ಚೇನಿರಲಿಲ್ಲ. ಅದು ಶುದ್ಧ ಬೆನ್ನುಗಾಳಿ, ಎಲ್ಲವನ್ನೂ ತಲೆಯ ಮೇಲಿಂದ ದಾಟಿಸಿಬಿಡುತ್ತದೆ. ಖಮ್ಸೀನ್ ಮುಗಿದು ಮೊದಲ ಮಳೆ ಹನಿಯುವ ಬೆಳಗೇ ಹೋಗಬೇಕಾದ ಬೆಳಗು.

ಹಣದ ವಿಷಯ. ನಾನು ಹೊರಡುವ ಲಿಮಸೋಲಿನಿಂದ ಪಾಫೋಸಿಗೆ ಸುಮಾರು 70 ಕಿಲೋಮೀಟರು. ಬೆಳಕಿಗೆ ಮುಂಚೆ ತಲುಪಬೇಕೆಂದರೆ ಬಾಡಿಗೆ ಕಾರು ಅಥವಾ ಹಿಂದಿನ ರಾತ್ರಿ ಅಲ್ಲೇ ವಾಸ. ಪೆಟ್ರೋಲ್ ಸೇರಿ ಒಂದು ಸುತ್ತಿಗೆ 45ರಿಂದ 50 ಯೂರೊ; ಮೊದಲ ವಸಂತದಲ್ಲಿ ಹದಿನಾಲ್ಕೋ ಹದಿನೈದೋ ಸುತ್ತು, 700 ಯೂರೊ ಹತ್ತಿರ ಹೋಯಿತು. ಒಂಬತ್ತರ ಪಾಳಿಗೆ ಬಸ್ಸೇ ಸಾಕು. ಹೋಗಿಬರುವ ಟಿಕೆಟ್, ಭೂಶಿರದ ಪುರಾತತ್ವ ಉದ್ಯಾನದ ಪ್ರವೇಶ ಶುಲ್ಕ, ಒಂದು ಕಾಫಿ ಎಲ್ಲ ಸೇರಿ ಹದಿನೈದಿಪ್ಪತ್ತರೊಳಗೆ. ಮೂರನೇ ವಸಂತದ ಒಟ್ಟು ಖರ್ಚು ಇನ್ನೂರನ್ನು ದಾಟಲಿಲ್ಲ.

ಉದ್ಯಾನದ ಬಾಗಿಲು ಎಂಟೂವರೆಗೆ ತೆರೆಯುತ್ತದೆ. ಬೇಲಿಯ ಹೊರಗಿನ ಕಡಲದಾರಿಯಲ್ಲಿ ಬೇಗ ನಡೆಯಬಹುದು, ಆದರೆ ಬೆಳಗಿನ ಓಟಗಾರರು ಮತ್ತು ನಾಯಿಗಳು ಅಲ್ಲೇ ಇರುತ್ತಾರೆ. ಒಳಗೆ ಹೊಕ್ಕವರು ಮೊಸಾಯಿಕ್‌ಗಳ ಕಡೆ ಹೋಗಬೇಡಿ; ಪ್ರವಾಸಿಗಳ ಗುಂಪುಗಳೆಲ್ಲ ಅಲ್ಲೇ ನಿಲ್ಲುತ್ತವೆ. 1888ರ ದೀಪಸ್ತಂಭದಿಂದ ಪಶ್ಚಿಮಕ್ಕೆ ಇಳಿಯುವ ಬಯಲಿನಲ್ಲಿ ಹನ್ನೊಂದರವರೆಗೂ ಜನ ವಿರಳ. ಬೆಳಿಗ್ಗೆ ಸೂರ್ಯ ಬೆನ್ನಿಗಿರುತ್ತಾನೆ, ನೆಲಕ್ಕೂ ಕಡಲಿಗೂ ಬೆಳಕು ಚೆನ್ನಾಗಿ ಬೀಳುತ್ತದೆ. ಮಧ್ಯಾಹ್ನ ಎರಡರ ಮೇಲೆ ಕಡಲು ಕಣ್ಣು ಕುಕ್ಕುತ್ತದೆ, ಎಣಿಕೆ ನಿಲ್ಲಿಸಿ.

ಒಂದೇ ದಾರಿಯಲ್ಲಿ ಮೂರು ಸುತ್ತು: ಒಂಬತ್ತು, ಹತ್ತೂಕಾಲು, ಹನ್ನೊಂದೂವರೆ. ಪ್ರತಿ ಸುತ್ತೂ ಐವತ್ತು ನಿಮಿಷ, ಅದರಲ್ಲಿ ಅರ್ಧ ನಡಿಗೆ, ಅರ್ಧ ಕೂರುವುದು. ನಡೆಯುತ್ತಲೇ ಇದ್ದರೆ ಹಕ್ಕಿ ನಿಮ್ಮ ಮುಂದೆ ಮುಂದೆ ಎದ್ದು ಬೇಲಿ ದಾಟಿ ಹೋಟೆಲುಗಳ ಕಡೆ ಹೋಗುತ್ತದೆ. ಮುಂದಿನ ಸುತ್ತಿನ ಲೆಕ್ಕ ಅಲ್ಲಿಗೆ ಕೆಟ್ಟಿತು. ಕಲ್ಲುಗೋಡೆಯ ನೆರಳಿನ ಬದಿಯಲ್ಲಿ ಹದಿನೈದು ನಿಮಿಷ ಕೂತರೆ ನೆಲದ ಮೇಲೆ ಓಡಾಡುವ ಸಣ್ಣ ಹಕ್ಕಿ ವೀಟಿಯರ್‌ಗಳು ತಾವಾಗಿ ಹತ್ತು ಮೀಟರಿಗೆ ಬರುತ್ತವೆ. ಮಾರ್ಚ್ ಮುಗಿಯುವ ಹೊತ್ತಿಗೆ ಹಳದಿ ಸೇವಂತಿಗೆಯಂಥ ಕಾಡುಹೂವು ಮೊಣಕಾಲೆತ್ತರ ಬೆಳೆದಿರುತ್ತದೆ. ಆಮೇಲೆ ಗಿಡಗಳ ಒಳಗೆ ಕಣ್ಣು ಹಾಕುವುದು ದಂಡ, ಕಾಲುದಾರಿಯ ಅಂಚು ನೋಡಿ. ಕಾಳು ತಿನ್ನುವ ಆರ್ಟಲನ್ ಬಂಟಿಂಗ್ ಹಕ್ಕಿ ಮೇಯುವುದು ಅಲ್ಲೇ. ಮಳೆ ಹತ್ತರವರೆಗೂ ಹಿಡಿದಿದ್ದರೆ ನಿಂತ ನಂತರದ ನಲವತ್ತು ನಿಮಿಷವೇ ದಿನದ ತಿರುಳು; ಅಲ್ಲಿಯವರೆಗೆ ಅವು ಪೊದೆಯ ಬುಡ ಬಿಟ್ಟು ಏಳುವುದಿಲ್ಲ.

ಎಣಿಕೆಯಲ್ಲಿ ನನಗಾದ ದೊಡ್ಡ ತಪ್ಪು ಹಳದಿ ಸಿಪಿಲೆ (ವ್ಯಾಗ್‌ಟೇಲ್). ಸಂಖ್ಯೆ ದೊಡ್ಡದು, ಎಣಿಸಲು ಸುಲಭ, ಕಪ್ಪುತಲೆಯ ಫೆಲ್ಡೆಗ್ ಉಪಜಾತಿಯ ಗಂಡಂತೂ ಕಣ್ಣಿಗೆ ಹಬ್ಬ. ಹಾಗಾಗಿ ಅದನ್ನೇ ಅಳತೆಗೋಲು ಮಾಡಿಕೊಂಡೆ. ಆದರೆ ಸಿಪಿಲೆ, ಕವಲುತೋಕೆಗಳು ಹಗಲಲ್ಲೂ ವಲಸೆ ಹಾರುತ್ತವೆ. ಗಾಳಿ ಹೇಗಿದ್ದರೂ ಹತ್ತರ ಮೇಲೆ ಏರುತ್ತಲೇ ಹೋಗುತ್ತವೆ. ಒಂದು ವರ್ಷದ ಲೆಕ್ಕ ಪೂರ್ತಿ ಬಿಸಾಡಬೇಕಾಯಿತು. ಈಗ ಅಳತೆಗೆ ಬಳಸುವುದು ರಾತ್ರಿ ಹಾರುವ ಈ ಸಣ್ಣ ಹಕ್ಕಿಗಳನ್ನು ಮಾತ್ರ: ನಾರ್ದರ್ನ್ ಮತ್ತು ಕಪ್ಪುಕಿವಿಯ ವೀಟಿಯರ್, ವಿನ್‌ಚಾಟ್, ವಾರ್ಬ್ಲರ್‌ಗಳು, ಕಾಲರ್ಡ್ ನೊಣಹಿಡುಕ, ಆರ್ಟಲನ್. ಸೈಪ್ರಸ್ ವೀಟಿಯರನ್ನು ಬಿಟ್ಟಿದ್ದೇನೆ. ಅದು ಇಲ್ಲೇ ಗೂಡು ಕಟ್ಟುವುದು, ಹೊಸದಾಗಿ ಬಂದದ್ದೋ ಮೊದಲೇ ಇದ್ದದ್ದೋ ಹೇಳಲಾಗದು. ಹೀಗೆ ಎಣಿಸಿದಾಗ ಒಳ್ಳೆಯ ಎದುರುಗಾಳಿಯ ದಿನ ಮೊದಲ ಸುತ್ತಿಗೆ ಇಪ್ಪತ್ತೈದು ಮೂವತ್ತು, ಎರಡನೆಯದಕ್ಕೆ ಎಂಬತ್ತರ ಆಸುಪಾಸು, ಮೂರನೆಯದಕ್ಕೆ ಅರವತ್ತು. ಗಾಳಿಯಿಲ್ಲದ ದಿನ ಮೂರೂ ಸುತ್ತು ಇಳಿಜಾರು. ನಾನು ಹೋದ ಹನ್ನೊಂದು ಎದುರುಗಾಳಿಯ ದಿನಗಳಲ್ಲಿ ಒಂಬತ್ತರಲ್ಲಿ ಎರಡನೇ ಸುತ್ತೇ ಗೆದ್ದಿತು.

ಮಾರ್ಚ್ ಇದಕ್ಕೆ ಹೊರತು. ಆಗ ಕಡಲು ನೋಡಿ: ಗಾರ್ಗನಿ ಬಾತುಗಳ ಸಾಲು ನೀರಿನ ಮೇಲೆ, ಬಂಡೆಗಳಲ್ಲಿ ಬಕಗಳು, ಮಿಂಚು ಕೆಂಬರಲು (ಗ್ಲಾಸಿ ಐಬಿಸ್). ತೀರದ ಹಕ್ಕಿ ಗ್ರೇಟರ್ ಸ್ಯಾಂಡ್ ಪ್ಲವರ್‌ಗೂ ಇದೇ ಸಮಯ. ಕಾರವಾರ, ಮಲ್ಪೆಯ ಮರಳಲ್ಲಿ ಚಿಕ್ಕ ಸ್ಯಾಂಡ್ ಪ್ಲವರನ್ನು ನೋಡಿ ಪಳಗಿದ ಕಣ್ಣಿಗೆ ಇದರ ಉದ್ದ ಕೊಕ್ಕು ಒಡನೆ ಕಾಣುತ್ತದೆ. ಆದರೆ ಇಲ್ಲಿ ಬರುವ ಪಶ್ಚಿಮದ ಉಪಜಾತಿಯ ಕೊಕ್ಕು ಕೊಂಚ ಗಿಡ್ಡ, ಅವಸರಪಡಬೇಡಿ. ಪ್ಯಾಲಿಡ್ ಸೆಳೆವದ (ಹ್ಯಾರಿಯರ್) ಗಂಡನ್ನು ನಮ್ಮ ಹುಲ್ಲುಗಾವಲುಗಳಲ್ಲಿ ನೋಡಿದವರಿಗೆ ಏಪ್ರಿಲ್‌ನಲ್ಲಿ ಕಡಲ ಮೇಲಿಂದ ಒಳಬರುವಾಗ ಗುರುತು ಕಷ್ಟವಾಗದು.

ಟೆಲಿಸ್ಕೋಪಿನ ಬಗ್ಗೆ ಒಂದೇ ಮಾತು: ಉಪ್ಪು. ಅಲೆಯ ತುಂತುರು ಒಣಗಿದ ಮೇಲೆ ಗಾಜನ್ನು ಬಟ್ಟೆಯಿಂದ ಒರೆಸಿದೆ, ಕೋಟಿಂಗ್ ಗೀರಿಹೋಯಿತು, ಮಾರುವಾಗ 200 ಯೂರೊ ಕಡಿಮೆಯಾಯಿತು. ಮೊದಲು ಸಿಹಿನೀರು ಸುರಿದು ಉಪ್ಪು ಕರಗಿಸಿ, ಆಮೇಲೆ ಒತ್ತಿ ಒಣಗಿಸಿ. ಗಾಳಿಯಲ್ಲಿ ಟ್ರೈಪಾಡಿನ ನಡುಕೋಲು ಏರಿಸಬೇಡಿ. ಚೀಲ ಅದಕ್ಕೇ ತೂಗುಹಾಕಿ, ಆದರೆ ತಳ ನೆಲಕ್ಕೆ ತಾಗಿರಲಿ, ಇಲ್ಲದಿದ್ದರೆ ಅದೇ ಲೋಲಕವಾಗಿ ಟ್ರೈಪಾಡನ್ನು ಅಲುಗಿಸುತ್ತದೆ. ಹತ್ತೂವರೆಯ ನಂತರ ಬಿಸಿಲ ಝಳಕ್ಕೆ 30ಕ್ಕಿಂತ ಹೆಚ್ಚು ಜೂಮ್ ಉಪಯೋಗವಿಲ್ಲ.

ರಾತ್ರಿ ಹಾರುವವು ನಿಜಕ್ಕೂ ತಡವಾಗುತ್ತಿವೆಯೇ ಎಂದು ತಿಳಿಯಲು ದಡದ ಒಂದು ಮನೆಯ ತಾರಸಿಯಲ್ಲಿ ರೆಕಾರ್ಡರ್ ಇಟ್ಟೆ. ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಬಕೆಟ್, ತಳಕ್ಕೆ ಸ್ಪಂಜು, ನಡುವೆ ಇಎಂ 272 ಮೈಕು, ಬಾಯಿಗೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ. ತಳಕ್ಕೆ ತೂತು ಕೊರೆಯಲು ಮರೆತದ್ದರಿಂದ ಮೊದಲ ಮಳೆಗೇ ಹಾಳೆ ಕುಸಿದು ಮೈಕು ಮುಳುಗಿತು, 40 ಯೂರೊ ನೀರಿನಲ್ಲಿ. ಎರಡನೆಯದು ನಡೆಯಿತು: ಇರುಳು ಬಕ, ಸಾಮಾನ್ಯ ಗದ್ದೆಗೊರವ, ಟ್ರೀ ಪಿಪಿಟ್, ಕೆಲವು ಆರ್ಟಲನ್ ಕರೆಗಳು ಸಿಕ್ಕವು. ಎದುರುಗಾಳಿಯ ರಾತ್ರಿ ಕರೆಗಳು ಐದರ ನಂತರವೇ ದಟ್ಟವಾದವು, ನನ್ನ ಲೆಕ್ಕಕ್ಕೆ ಹೊಂದಿತು. ಆದರೆ ವಾರ್ಬ್ಲರ್‌ಗಳು ಹೆಚ್ಚಾಗಿ ಮೌನವಾಗಿ ಹಾರುತ್ತವೆ, ಗಾಳಿ ಜೋರಾದರೆ ಅಲೆಯ ಸದ್ದೇ ಎಲ್ಲ. ಹುಣ್ಣಿಮೆಯ ಆಚೀಚೆ ಚಂದ್ರಬಿಂಬಕ್ಕೆ ಟೆಲಿಸ್ಕೋಪ್ ಹಿಡಿದು ಅಡ್ಡ ಹಾಯುವ ಹಕ್ಕಿ ಎಣಿಸುವುದನ್ನೂ ಮಾಡಿದೆ. ಗಂಟೆಗೆ ಏಳೆಂಟು. ಕಣ್ಣು ನೋವಿಗೆ ಹೋಲಿಸಿದರೆ ಲಾಭವಿಲ್ಲ.

ರೂಪೆಲ್ ವಾರ್ಬ್ಲರ್ ಪ್ರತಿ ಮಾರ್ಚ್ ಕೊನೆಗೆ ಇಳಿಯುವ ಪೊದೆಸಾಲು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ದ್ವೀಪದಲ್ಲಿ ಹಕ್ಕಿ ಹಿಡಿಯುವ ಅಂಟುಕಡ್ಡಿ, ಬಲೆಗಳ ಹಾವಳಿ ಇನ್ನೂ ಮುಗಿದಿಲ್ಲ; ಫೋನಿನಿಂದ ಕರೆ ನುಡಿಸಿ ದಣಿದ ಹಕ್ಕಿಯನ್ನು ಹೊರಗೆಳೆಯುವವರೂ ಇದ್ದಾರೆ. ಮಳೆ ಎಷ್ಟು ಹೊತ್ತು ಬಿದ್ದರೆ ಎಷ್ಟು ತಡ ಎಂದು ನಾನು ಸೇರಿಸುವ ಸಂಖ್ಯೆಯೂ ಸದ್ಯಕ್ಕೆ ನನ್ನ ಪುಸ್ತಕದಲ್ಲೇ ಇರಲಿ, ಇನ್ನೊಂದು ವಸಂತ ಪರೀಕ್ಷಿಸಬೇಕು. ಮೇಲಿನ ಮೂರು ಬಿಂದುಗಳ ಗಾಳಿಯಿಂದಲೇ ಅರ್ಧ ಗಂಟೆ ಆಚೀಚೆ ಲೆಕ್ಕ ಸಿಗುತ್ತದೆ. ಏಪ್ರಿಲ್ ಮಧ್ಯದ ನಂತರ ಜೇನುನೊಣ ಹಿಡಿಯುವ ಗಣಿಗಾರಲು (ಬೀ-ಈಟರ್) ಹಕ್ಕಿಗಳ ಹಿಂಡು ಹಗಲಿನಲ್ಲೇ ಬರುವುದರಿಂದ ಗಾಳಿಯ ದಿಕ್ಕು ಏನೇ ಇರಲಿ ಒಂಬತ್ತರ ಪಾಳಿ ನಷ್ಟವಲ್ಲ; ಹನ್ನೊಂದೂವರೆಯ ಸುತ್ತಿನಲ್ಲಿ ಕಣ್ಣಿಗಿಂತ ಮೊದಲು ಕಿವಿ ಮೇಲಿಡಿ.